ಬೆಂಗಳೂರ ಬಿಸಿಲಲ್ಲಿ ಮಾಗಿದ ಮಾಲ್ಟ್

2004ರ ಆಗಸ್ಟ್ 24ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಒಂದು ಹೊಸ ಸಿಂಗಲ್ ಮಾಲ್ಟ್ ವಿಸ್ಕಿ ಬಿಡುಗಡೆಯಾಯಿತು. ಹೆಸರು ಅಮೃತ್. ಅದು ತಯಾರಾದದ್ದು ಬೆಂಗಳೂರಿನ ಹೊರವಲಯದಲ್ಲಿ, ಮೈಸೂರು ರಸ್ತೆಯ ಕಂಬೀಪುರದಲ್ಲಿ. ವಿಸ್ಕಿಯ ತವರಿಗೇ ವಿಸ್ಕಿ ಹೊತ್ತುಕೊಂಡು ಹೋಗಿ ಮಾರುವುದಕ್ಕೆ ಧೈರ್ಯ ಬೇಕು. ಅದೂ ಭಾರತದ ವಿಸ್ಕಿ ಎಂದರೆ ಯುರೋಪಿನಲ್ಲಿ ಮೂಗು ಮುರಿಯುತ್ತಿದ್ದ ಕಾಲ.

ಮೂಗು ಮುರಿಯಲು ಕಾರಣವೂ ಇತ್ತು. ನಮ್ಮಲ್ಲಿ ವಿಸ್ಕಿ ಎಂದು ಮಾರಾಟವಾಗುವುದರಲ್ಲಿ ಹೆಚ್ಚಿನ ಪಾಲು ಕಬ್ಬಿನ ಕಾಕಂಬಿಯಿಂದ ತೆಗೆದ ಮದ್ಯಸಾರ. ಅದಕ್ಕೆ ಒಂದಿಷ್ಟು ಮಾಲ್ಟ್, ಬಣ್ಣ, ಪರಿಮಳ ಬೆರೆಸಿರುತ್ತಾರೆ. ಐರೋಪ್ಯ ಒಕ್ಕೂಟದ ನಿಯಮದ ಪ್ರಕಾರ ಧಾನ್ಯದಿಂದ ಭಟ್ಟಿ ಇಳಿಸಿ, ಕಡಿಮೆಯೆಂದರೆ 3 ವರ್ಷ ಮರದ ಪೀಪಾಯಿಯಲ್ಲಿ ಇಟ್ಟದ್ದು ಮಾತ್ರ ವಿಸ್ಕಿ. ಸಿಂಗಲ್ ಮಾಲ್ಟ್‌ನ ಕಟ್ಟುಪಾಡು ಇನ್ನೂ ಬಿಗಿ. ಮೊಳಕೆ ಕಟ್ಟಿಸಿ ಒಣಗಿಸಿದ ಬಾರ್ಲಿಯ ಹೊರತು ಬೇರೆ ಧಾನ್ಯ ಕೂಡದು, ಒಂದೇ ಭಟ್ಟಿಯದಾಗಿರಬೇಕು, ತಾಮ್ರದ ಹಂಡೆಗಳಲ್ಲಿ ಇಳಿಸಿರಬೇಕು. ತಾಮ್ರ ಬರೀ ಅಂದಕ್ಕಲ್ಲ. ಗಂಧಕದ ಕೆಟ್ಟ ವಾಸನೆಯನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ.

ಅಮೃತ್ ಡಿಸ್ಟಿಲರೀಸ್ ಕೂಡ ಮಾಲ್ಟ್‌ನಿಂದ ಶುರುವಾದ ಸಂಸ್ಥೆಯಲ್ಲ. 1948ರಲ್ಲಿ ಜೆ.ಎನ್. ರಾಧಾಕೃಷ್ಣ ರಾವ್ ಜಗದಾಳೆ ಅದನ್ನು ಬೆಂಗಳೂರಿನಲ್ಲಿ ಕಟ್ಟಿದರು. ಸೇನೆಯ ಕ್ಯಾಂಟೀನುಗಳಿಗೆ ರಮ್ ಒದಗಿಸುತ್ತಾ ಬೆಳೆಯಿತು. 1976ರಲ್ಲಿ ಅವರು ತೀರಿಕೊಂಡ ಮೇಲೆ ಮಗ ನೀಲಕಂಠ ರಾವ್ ಜಗದಾಳೆ ಹೊಣೆ ಹೊತ್ತರು. ಎಂಬತ್ತರ ದಶಕದಲ್ಲಿ ಬಾರ್ಲಿಯಿಂದ ಮಾಲ್ಟ್ ಇಳಿಸಲು ಆರಂಭಿಸಿದ್ದೂ ಬ್ಲೆಂಡ್‌ಗಳಿಗೆ ಬೆರೆಸಲೆಂದೇ. ಹಾಗೆ ಬೆರೆಸುತ್ತಿದ್ದ ಮಾಲ್ಟ್ ತಾನಾಗಿಯೇ ನಿಲ್ಲುವಷ್ಟು ಚೆನ್ನಾಗಿದೆ ಎಂದು ಮನಗಂಡದ್ದೇ ಈ ಕತೆಯ ತಿರುವು. ನೀಲಕಂಠರ ಮಗ ರಕ್ಷಿತ್ ಆಗ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಎಂಬಿಎ ಓದುತ್ತಿದ್ದರು. ಬ್ರಿಟನ್ನಿನಲ್ಲಿರುವ ಭಾರತೀಯ ರೆಸ್ಟೋರೆಂಟುಗಳಿಗೆ ನಮ್ಮ ಸಿಂಗಲ್ ಮಾಲ್ಟ್ ಕೊಡಬಹುದೇ, ಅಧ್ಯಯನ ಮಾಡು ಎಂದು ತಂದೆ ಸೂಚಿಸಿದರು. ಗ್ಲಾಸ್ಗೋದ ಪಾಟ್ ಸ್ಟಿಲ್ ಎಂಬ ಹೆಸರಾಂತ ಪಬ್‌ನಲ್ಲಿ ಹೆಸರು ಹೇಳದೆ ರುಚಿ ನೋಡಲು ಕೊಟ್ಟಾಗ ಕುಡಿದವರು ಅದನ್ನು ಸ್ಕಾಚ್ ಎಂದೇ ತಿಳಿದರು.

ಚಳಿನಾಡಿನಲ್ಲಿ ವರ್ಷಗಟ್ಟಲೆ ಮಲಗಿ ಮಾಗುವ ಪಾನೀಯದ ರುಚಿ ಬೆಂಗಳೂರಿನ ನಾಲ್ಕೈದು ವರ್ಷದ ಮಾಲ್ಟ್‌ಗೆ ಬಂದದ್ದು ಹೇಗೆ? ಅದಕ್ಕೆ ಪೀಪಾಯಿಯ ಒಳಗನ್ನು ನೋಡಬೇಕು.

ಭಟ್ಟಿಯಿಂದ ಇಳಿದ ಮದ್ಯ ನೀರಿನಷ್ಟು ತಿಳಿ. ಬಾರ್ಲಿಯ ಸಿಹಿ, ಹುದುಗಿನಿಂದ ಬಂದ ಹಣ್ಣಿನ ವಾಸನೆ, ಬಾರ್ಲಿಯನ್ನು ಪೀಟ್ ಎಂಬ ಜೌಗುಮಣ್ಣಿನ ಹೊಗೆಯಲ್ಲಿ ಒಣಗಿಸಿದ್ದರೆ ಆ ಹೊಗೆ – ಇಷ್ಟು ಮಾತ್ರ ಅದರಲ್ಲಿರುತ್ತದೆ. ಬಣ್ಣವನ್ನೂ ರುಚಿಯ ಬಹುಪಾಲನ್ನೂ ಕೊಡುವುದು ಓಕ್ ಮರ. ಪೀಪಾಯಿಯ ಒಳಮೈಯನ್ನು ಬೆಂಕಿಯಲ್ಲಿ ಸುಟ್ಟಿರುತ್ತಾರೆ ಅಥವಾ ಹದವಾಗಿ ಕಾಯಿಸಿರುತ್ತಾರೆ. ಇದ್ದಲಾದ ಪದರ ಮದ್ಯದ ಒರಟುತನವನ್ನು ಹೀರುತ್ತದೆ. ಅದರ ಹಿಂದಿನ ಬಿಸಿಯುಂಡ ಮರದಲ್ಲಿ ಲಿಗ್ನಿನ್ ಒಡೆದು ವೆನಿಲಿನ್ ಆಗಿರುತ್ತದೆ. ಮರದ ಸಕ್ಕರೆಗಳು ಕಂದಿ ಕ್ಯಾರಮೆಲ್ ಆಗಿರುತ್ತವೆ. ವಿಸ್ಕಿಯಲ್ಲಿ ವೆನಿಲ್ಲಾ, ಲವಂಗ ಸಿಕ್ಕಿತು ಎಂದು ಯಾರಾದರೂ ಹೇಳಿದರೆ ಅದನ್ನು ಬರೀ ವರ್ಣನೆ ಎಂದು ತಳ್ಳಿಹಾಕುವಂತಿಲ್ಲ. ಮಲೆನಾಡಿನ ತೋಟದ ವೆನಿಲ್ಲಾ ಕೋಡಿನಲ್ಲಿರುವ ವೆನಿಲಿನ್, ಲವಂಗದ ಮೊಗ್ಗಿನಲ್ಲಿರುವ ಯೂಜಿನಾಲ್ ಓಕ್ ಮರದಲ್ಲೂ ಇವೆ. ಮೂಗು ಗುರುತಿಸುವುದು ಅದೇ ವಸ್ತುಗಳನ್ನು.

ಮರದ ಜಾತಿ, ಪೀಪಾಯಿಯ ಪೂರ್ವಾಶ್ರಮ ಎರಡೂ ರುಚಿಯಲ್ಲಿ ಉಳಿಯುತ್ತವೆ. ಅಮೆರಿಕದ ಕಾಯ್ದೆ ಪ್ರಕಾರ ಅಲ್ಲಿನ ಬೂರ್ಬನ್ ವಿಸ್ಕಿಗೆ ಪ್ರತಿ ಸಲವೂ ಸುಟ್ಟ ಹೊಸ ಓಕ್ ಪೀಪಾಯಿಯೇ ಬೇಕು. ಹಾಗಾಗಿ ಒಮ್ಮೆ ಬಳಸಿದ, ಸುಮಾರು 200 ಲೀಟರ್ ಹಿಡಿಯುವ ಪೀಪಾಯಿಗಳು ಜಗತ್ತಿನ ಮಾಲ್ಟ್ ತಯಾರಕರಿಗೆಲ್ಲ ಸಿಗುತ್ತವೆ. ಇವುಗಳಿಂದ ವೆನಿಲ್ಲಾ, ಜೇನು, ಕೊಬ್ಬರಿಯ ಛಾಯೆ ಬರುತ್ತದೆ. ಸ್ಪೇನಿನ ಶೆರಿ ವೈನ್ ಇಟ್ಟಿದ್ದ, 500 ಲೀಟರಿನ ದೊಡ್ಡ ಪೀಪಾಯಿಗಳಿಂದ ಒಣದ್ರಾಕ್ಷಿ, ಖರ್ಜೂರ, ಮಸಾಲೆ. ಸ್ಕಾಟ್ಲೆಂಡಿನ ಬಾಲ್ವೆನಿ ಭಟ್ಟಿಯ ಡೇವಿಡ್ ಸ್ಟೂವರ್ಟ್ ಎಂಬತ್ತರ ದಶಕದಲ್ಲಿ ಬೂರ್ಬನ್ ಪೀಪಾಯಿಯಲ್ಲಿ ಮಾಗಿದ ಮಾಲ್ಟನ್ನು ಕೊನೆಗೆ ಶೆರಿ ಪೀಪಾಯಿಗೆ ಬದಲಾಯಿಸಿ ನೋಡಿದರು. ಇಂದು ಆ ಪದ್ಧತಿ ಎಲ್ಲೆಡೆ ಇದೆ.

ಇನ್ನು ಹವೆ. ಬಿಸಿಯೇರಿದಾಗ ಮದ್ಯ ಹಿಗ್ಗಿ ಮರದೊಳಕ್ಕೆ ನುಗ್ಗುತ್ತದೆ, ತಣಿದಾಗ ಮರದ ಸಾರ ಎಳೆದುಕೊಂಡು ಹೊರಬರುತ್ತದೆ. ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದ ಬೆಂಗಳೂರಿನಲ್ಲಿ ಹಗಲು ಬೆಚ್ಚಗೆ, ರಾತ್ರಿ ತಂಪು. ವರ್ಷವಿಡೀ ಈ ಉಸಿರಾಟ ನಿಲ್ಲುವುದಿಲ್ಲ. ಸ್ಕಾಟ್ಲೆಂಡಿನ ತಂಪು ಗೋದಾಮಿನಲ್ಲಿ ಹನ್ನೆರಡು ವರ್ಷ ಹಿಡಿಯುವ ಕೆಲಸದ ಬಹುಪಾಲು ಇಲ್ಲಿ ನಾಲ್ಕೈದು ವರ್ಷದಲ್ಲಿ ಮುಗಿಯುತ್ತದೆ.

ಆದರೆ ಬಿಸಿಲು ಪುಕ್ಕಟೆಯಾಗಿ ದುಡಿಯುವುದಿಲ್ಲ. ಪೀಪಾಯಿಯಿಂದ ಆವಿಯಾಗಿ ಹೋಗುವ ಭಾಗವನ್ನು ವಿಸ್ಕಿಯವರು ‘ಏಂಜೆಲ್ಸ್ ಶೇರ್’, ದೇವದೂತರ ಪಾಲು ಎನ್ನುತ್ತಾರೆ. ಸ್ಕಾಟ್ಲೆಂಡಿನಲ್ಲಿ ಇದು ವರ್ಷಕ್ಕೆ ಸುಮಾರು ಶೇ 2. ಬೆಂಗಳೂರಿನಲ್ಲಿ ಶೇ 10ರಿಂದ 12. ಶೇ 11 ಎಂದೇ ಹಿಡಿದು 200 ಲೀಟರಿನ ಲೆಕ್ಕ ಹಾಕಿ ನೋಡಿ: ನಾಲ್ಕು ವರ್ಷಕ್ಕೆ ಉಳಿಯುವುದು ಸುಮಾರು 125 ಲೀಟರ್. ಎಂಟು ವರ್ಷಕ್ಕೆ ಬರೀ 79. ಅದೇ ಎಂಟು ವರ್ಷ ಸ್ಕಾಟ್ಲೆಂಡಿನಲ್ಲಿಟ್ಟರೆ 170 ಲೀಟರ್ ಉಳಿದಿರುತ್ತದೆ. 2013ರಲ್ಲಿ ಅಮೃತ್ ಎಂಟು ವರ್ಷ ಮಾಗಿದ ವಿಸ್ಕಿಯನ್ನು ಹೊರತಂದಾಗ ಅದಕ್ಕೆ ‘ಗ್ರೀಡಿ ಏಂಜೆಲ್ಸ್’, ದುರಾಸೆಯ ದೇವದೂತರು ಎಂದು ಹೆಸರಿಟ್ಟಿತು. ಕೆಲವೇ ಬಾಟಲಿಗಳಷ್ಟು ಹೊರಬರುವ ಇಂಥ ವಿಸ್ಕಿಯ ಬೆಲೆ ಯಾಕೆ ಆಕಾಶಕ್ಕೇರುತ್ತದೆ ಎಂಬುದಕ್ಕೆ ಈ ಲೆಕ್ಕವೇ ಉತ್ತರ. ಮರದ ಒಗರು ಅತಿಯಾಗುವ ಅಪಾಯವೂ ಇಲ್ಲಿ ಬೇಗ ಎದುರಾಗುತ್ತದೆ. ಪೀಪಾಯಿಯ ಮೇಲೆ ಕಣ್ಣಿಟ್ಟಿರಲೇಬೇಕು.

ಮಾಗುವುದು ಬೇಗ ಎಂಬ ಅನುಕೂಲವನ್ನು ಅಮೃತ್ ಬಳಸಿಕೊಂಡದ್ದು ಪ್ರಯೋಗಗಳಿಗೆ. ನನ್ನ ದೃಷ್ಟಿಯಲ್ಲಿ ಸಂಸ್ಥೆಯ ನಿಜವಾದ ಸಾಧನೆ ಇದೇ. ‘ಸ್ಪೆಕ್ಟ್ರಮ್’ ವಿಸ್ಕಿಗೆಂದು ನಾಲ್ಕು ಬಗೆಯ ಹಲಗೆಗಳನ್ನು ಜೋಡಿಸಿ ಪೀಪಾಯಿ ಕಟ್ಟಿಸಿದರು: ಹೊಸ ಅಮೆರಿಕನ್ ಓಕ್, ಹೊಸ ಫ್ರೆಂಚ್ ಓಕ್, ಒಲೊರೊಸೊ ಶೆರಿ ಕುಡಿದ ಹಲಗೆ, ಪೆದ್ರೊ ಹಿಮೆನೆಸ್ ಎಂಬ ಅತಿಸಿಹಿ ಶೆರಿ ಕುಡಿದ ಹಲಗೆ. ಬೇರೆ ಬೇರೆ ಪೀಪಾಯಿಯ ವಿಸ್ಕಿಗಳನ್ನು ಆಮೇಲೆ ಬೆರೆಸುವುದು ಹಳೆಯ ಪದ್ಧತಿ. ಇಲ್ಲಿ ಮದ್ಯ ಒಂದೇ ಪೀಪಾಯಿಯೊಳಗೆ ನಾಲ್ಕೂ ಮರಗಳನ್ನು ಒಟ್ಟಿಗೆ ಮುಟ್ಟುತ್ತಿತ್ತು. ‘ನಾರಂಗಿ’ಗೆ ಶೆರಿ ಪೀಪಾಯಿಯಲ್ಲಿ ಕಿತ್ತಳೆ ಸಿಪ್ಪೆಯನ್ನು ವೈನ್ ಜೊತೆ ನೆನೆಹಾಕಿ, ಮರಕ್ಕೆ ಆ ಗಂಧ ಹತ್ತಿದ ಮೇಲೆ ಅದನ್ನು ತೆಗೆದು ಮಾಲ್ಟ್ ತುಂಬಿದರು. ‘ಕದಂಬಂ’ನಲ್ಲಿ ಶೆರಿ ಮತ್ತು ರಮ್ ಪೀಪಾಯಿಗಳ ಜೊತೆಗೆ ಬೆಂಗಳೂರು ಬ್ಲೂ ದ್ರಾಕ್ಷಿಯ ಬ್ರಾಂದಿ ಇಟ್ಟಿದ್ದ ಪೀಪಾಯಿಗಳೂ ಇದ್ದವು. ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆ ಬೆಳೆಯುವ ಈ ಕಪ್ಪು ದ್ರಾಕ್ಷಿ ಸಿಂಗಲ್ ಮಾಲ್ಟ್‌ನೊಳಗೆ ಸೇರಿದ್ದು ನನಗೆ ಬಹಳ ಹಿಡಿಸಿದ ಸಂಗತಿ.

ಹೆಸರು ತಂದುಕೊಟ್ಟದ್ದು ಮಾತ್ರ ‘ಫ್ಯೂಷನ್’. ಇದರಲ್ಲಿ ಮುಕ್ಕಾಲು ಪಾಲು ಭಾರತದ ಬಾರ್ಲಿ, ಕಾಲು ಪಾಲು ಸ್ಕಾಟ್ಲೆಂಡಿನಿಂದ ತರಿಸಿದ, ಪೀಟ್ ಹೊಗೆಯುಂಡ ಬಾರ್ಲಿ. ಎರಡನ್ನೂ ಬೇರೆ ಬೇರೆ ಇಳಿಸಿ, ಬೇರೆ ಬೇರೆ ಮಾಗಿಸಿ, ಕೊನೆಗೆ ಕೂಡಿಸುತ್ತಾರೆ. ವಿಸ್ಕಿ ವಿಮರ್ಶಕ ಜಿಮ್ ಮರ‍್ರೆ ತಮ್ಮ 2010ರ ‘ವಿಸ್ಕಿ ಬೈಬಲ್’ನಲ್ಲಿ ಇದಕ್ಕೆ 100ಕ್ಕೆ 97 ಅಂಕ ಕೊಟ್ಟು ಜಗತ್ತಿನ ಮೂರನೇ ಅತ್ಯುತ್ತಮ ವಿಸ್ಕಿ ಎಂದರು. ವಿದೇಶದಲ್ಲಿ ಗೆದ್ದ ಮೇಲೆ, ಅದೇ ವರ್ಷ, ಅಮೃತ್ ಸಿಂಗಲ್ ಮಾಲ್ಟ್ ಬೆಂಗಳೂರಿನ ಅಂಗಡಿಗಳಿಗೂ ಬಂತು. ಇಲ್ಲಿ ಹುಟ್ಟಿದ್ದನ್ನು ಇಲ್ಲಿಯವರು ಆರು ವರ್ಷ ಕಾದು ಕುಡಿಯಬೇಕಾಯಿತು.

ಆಮೇಲೆ ದಾರಿ ತೆರೆದುಕೊಂಡಿತು. ಬೆಂಗಳೂರಿನ ಜಾನ್ ಡಿಸ್ಟಿಲರೀಸ್ ಗೋವಾದ ಕಡಲತೀರದ ಸೆಕೆಯಲ್ಲಿ ಮಾಗಿಸಿದ ‘ಪಾಲ್ ಜಾನ್’ ಮಾಲ್ಟನ್ನು 2012ರಲ್ಲಿ ಲಂಡನ್ನಿನಲ್ಲಿ ಬಿಡುಗಡೆ ಮಾಡಿತು. ಉತ್ತರ ಪ್ರದೇಶದ ರಾಂಪುರ, ಹರಿಯಾಣದ ಇಂದ್ರಿ ಹಿಂಬಾಲಿಸಿದವು. ನೀಲಕಂಠ ಜಗದಾಳೆ 2019ರಲ್ಲಿ ನಿಧನರಾದರು. ಭಾರತದ ಸಿಂಗಲ್ ಮಾಲ್ಟ್ ಎಂಬ ವರ್ಗವೇ ನಿಂತದ್ದನ್ನು ಅವರು ಕಣ್ಣಾರೆ ಕಂಡಿದ್ದರು.

ಅಂಗಡಿಯಲ್ಲಿ ಕೊಳ್ಳುವವರು ಈಗಲೂ ಬಾಟಲಿಯ ಮೇಲೆ 12, 18 ಎಂಬ ವರ್ಷದ ಅಂಕಿ ಹುಡುಕುತ್ತಾರೆ. ಸ್ಕಾಚ್ ಕಲಿಸಿದ ಅಭ್ಯಾಸ ಅದು. ಭಾರತದ ಹೆಚ್ಚಿನ ಮಾಲ್ಟ್‌ಗಳಲ್ಲಿ ಆ ಅಂಕಿ ಇರುವುದಿಲ್ಲ. ಯಾವ ಪೀಪಾಯಿ, ಶೇಕಡಾ ಎಷ್ಟು ಮದ್ಯಸಾರ, ಪೀಟ್ ಇದೆಯೋ ಇಲ್ಲವೋ – ಇವನ್ನು ಓದಿ ಕೊಳ್ಳುವುದು ಮೇಲು. ಶೇ 50 ಮದ್ಯಸಾರದ ಫ್ಯೂಷನ್‌ಗೆ ಐಸ್ ಬದಲು ನಾಲ್ಕು ಹನಿ ನೀರು ಹಾಕಿ. ನೀರು ಬೆರೆತಾಗ ಹೊಗೆಯ ವಾಸನೆ ಕೊಡುವ ಗ್ವಾಯಕಾಲ್ ದ್ರವದ ಮೇಲ್ಮೈಗೆ ಸರಿಯುತ್ತದೆ ಎಂದು ಸ್ವೀಡನ್ನಿನ ವಿಜ್ಞಾನಿಗಳು 2017ರಲ್ಲಿ ಕಂಪ್ಯೂಟರ್ ಲೆಕ್ಕಾಚಾರದಿಂದ ತೋರಿಸಿದ್ದಾರೆ. ಮೊದಲು ಹೊಗೆ, ಹಿಂದೆಯೇ ಬಾರ್ಲಿಯ ಸಿಹಿ, ಆಮೇಲೆ ಓಕ್‌ನ ಖಾರ ಬರಬೇಕು.