ಹದಿಮೂರು ನಿಮಿಷಗಳ ಅತಿಥಿ

ಕೃತಕ ಉಪಗ್ರಹವೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಶ್ರೀಹರಿಕೋಟೆಯ ಬೆಂಕಿ ಮತ್ತು ಹೊಗೆ. ಇಲ್ಲವೇ ಬೆಂಗಳೂರಿನ ಪಶ್ಚಿಮಕ್ಕೆ ಬ್ಯಾಲಾಳು ಗ್ರಾಮದಲ್ಲಿ ಮುಗಿಲಿಗೆ ಮುಖವೊಡ್ಡಿ ನಿಂತಿರುವ, 32 ಮೀಟರ್ ಅಡ್ಡಳತೆಯ ಬೃಹತ್ ತಟ್ಟೆ. ಕೋಟಿಗಟ್ಟಲೆ ಹಣ, ನೂರಾರು ವಿಜ್ಞಾನಿಗಳು, ಕಾವಲಿನ ಗೇಟು ಇವಿಲ್ಲದೆ ಉಪಗ್ರಹದೊಡನೆ ನಮಗೇನು ವ್ಯವಹಾರ ಎಂದುಕೊಳ್ಳುವುದು ಸಹಜವೇ. ಆದರೆ ಶ್ರೀನಗರದಲ್ಲೋ ಮಗ್ಗುಲಿನ ಹನುಮಂತನಗರದಲ್ಲೋ ಒಂದು ಸಾಧಾರಣ ಮನೆಯ ಮಹಡಿಯನ್ನು ಊಹಿಸಿಕೊಳ್ಳಿ. ಅಲ್ಲಿ ನೀರಿನ ತೊಟ್ಟಿಗೂ ಬಟ್ಟೆ ಒಣಹಾಕುವ ತಂತಿಗೂ ನಡುವೆ ಮಿಕ್ಕಿರುವ ನಾಲ್ಕಡಿ ಜಾಗದಲ್ಲಿ ನಿಂತು, ಕೆಲವು ಅಲ್ಯೂಮಿನಿಯಂ ಕಡ್ಡಿಗಳನ್ನು ಆಕಾಶದತ್ತ ಹಿಡಿದು, ಉಪಗ್ರಹದ ದನಿಯನ್ನು ಕೇಳಬಹುದು. ಪರವಾನಗಿಯುಳ್ಳವರು ಅದರ ಮೂಲಕ ಪರದೇಶದವರೊಡನೆ ಸಂಭಾಷಿಸಲೂ ಬಹುದು. ಇದು ಕಥೆಯಲ್ಲ, ಹ್ಯಾಮ್‌ಗಳೆಂದು ಕರೆಯಲ್ಪಡುವ ಹವ್ಯಾಸಿ ರೇಡಿಯೋ ಪಟುಗಳು ಜಗತ್ತಿನಾದ್ಯಂತ ಆರು ದಶಕಗಳಿಂದ ನಡೆಸಿಕೊಂಡು ಬಂದಿರುವ ಕಾಯಕ.

1957ರ ಅಕ್ಟೋಬರ್ 4ರಂದು ರಷ್ಯನ್ನರು ಸ್ಪುಟ್ನಿಕ್ಕನ್ನು ಹಾರಿಬಿಟ್ಟಾಗ ಅದರ ‘ಬೀಪ್ ಬೀಪ್’ ಸದ್ದನ್ನು ಮೊದಮೊದಲು ಹಿಡಿದವರಲ್ಲಿ ಈ ಹವ್ಯಾಸಿಗಳೂ ಇದ್ದರು. ಬರಿದೆ ಕೇಳಿ ತೃಪ್ತರಾಗುವ ಜನ ಅವರಲ್ಲ. ನಾಲ್ಕೇ ವರ್ಷಗಳಲ್ಲಿ, 1961ರ ಡಿಸೆಂಬರ್ 12ರಂದು, ಅಮೆರಿಕದ ಹವ್ಯಾಸಿಗಳು ತಾವೇ ಕಟ್ಟಿದ ಆಸ್ಕರ್-1 ಎಂಬ ಪುಟ್ಟ ಪೆಟ್ಟಿಗೆಯನ್ನು ಬೇರೊಂದು ರಾಕೆಟ್ಟಿನ ಮೂಲೆಯಲ್ಲಿ ಕೂರಿಸಿ ಕಕ್ಷೆಗೆ ಕಳುಹಿಸಿಯೇಬಿಟ್ಟರು. ಅದಕ್ಕೆ ಬರುತ್ತಿದ್ದ ಮಾತು ಒಂದೇ: ಮಾರ್ಸ್ ಸಂಕೇತದಲ್ಲಿ ‘ಹಾಯ್’. ಮೂರು ವಾರಗಳ ಕಾಲ ಅದು ಭೂಮಿಯ ಸುತ್ತ ಹಾಯ್ ಹಾಯ್ ಎನ್ನುತ್ತ ಸುತ್ತಿತು. 28 ದೇಶಗಳ 570ಕ್ಕೂ ಹೆಚ್ಚು ಹವ್ಯಾಸಿಗಳು ಕೇಳಿದೆವೆಂದು ವರದಿ ಕಳುಹಿಸಿದರು.

ನಮ್ಮ ಬೆಂಗಳೂರಿನ ಉಪಗ್ರಹ ಪರಂಪರೆಯೂ ಅರಮನೆಯಲ್ಲಿ ಹುಟ್ಟಿದ್ದಲ್ಲ. ಉಡುಪಿ ಬಳಿಯ ಅದಮಾರಿನವರಾದ ಪ್ರೊ. ಯು. ಆರ್. ರಾವ್ ಅವರ ನೇತೃತ್ವದಲ್ಲಿ ಆರ್ಯಭಟ ರೂಪುಗೊಂಡದ್ದು ಪೀಣ್ಯದ ಕೈಗಾರಿಕಾ ಷೆಡ್ಡುಗಳಲ್ಲಿ. 1975ರ ಏಪ್ರಿಲ್ 19ರಂದು ಅದು ಮೇಲೇರಿದಾಗ ಮಾಹಿತಿ ಪಡೆಯುವ ಕೇಂದ್ರಕ್ಕೆ ಜಾಗ ಸಾಲದೆ ಒಂದು ಶೌಚಾಲಯವನ್ನೇ ಮಾರ್ಪಡಿಸಿಕೊಂಡರೆಂಬ ಸಂಗತಿ ಪ್ರಸಿದ್ಧವಾಗಿದೆ. ಮಹಡಿಯ ಮೂಲೆಯಲ್ಲಿ ಠಾಣೆ ಹೂಡುವವರು ಸಂಕೋಚಪಡಬೇಕಾದ ಕಾರಣವೇ ಇಲ್ಲ.

ಹ್ಯಾಮ್‌ಸ್ಯಾಟ್ ಬಂದ ದಿನ

ಭಾರತದ ಹವ್ಯಾಸಿಗಳಿಗೆ ತಮ್ಮದೇ ಎನ್ನಬಹುದಾದ ಉಪಗ್ರಹ ದೊರೆತದ್ದು 2005ರ ಮೇ 5ರಂದು. ಅಂದು ಶ್ರೀಹರಿಕೋಟೆಯ ಹೊಸದಾದ ಎರಡನೆಯ ಉಡಾವಣಾ ವೇದಿಕೆಯಿಂದ, ರಾಷ್ಟ್ರಪತಿ ಅಬ್ದುಲ್ ಕಲಾಂ ಅವರ ಸಮ್ಮುಖದಲ್ಲಿ, ಕಾರ್ಟೋಸ್ಯಾಟ್-1ರ ಜೊತೆಗೆ 42.5 ಕಿಲೋಗ್ರಾಂ ತೂಕದ ಹ್ಯಾಮ್‌ಸ್ಯಾಟ್ ಮೇಲೇರಿತು. ಅದನ್ನು ಕಟ್ಟಿದ್ದು ಬೆಂಗಳೂರಿನ ಇಸ್ರೋ ಉಪಗ್ರಹ ಕೇಂದ್ರದಲ್ಲಿ. ಈಗ ಆ ಕೇಂದ್ರಕ್ಕೆ ಯು. ಆರ್. ರಾವ್ ಅವರದೇ ಹೆಸರು. ಅದರೊಳಗೆ ಮಾತನ್ನು ಒಂದು ಕಂಪನಾಂಕದಲ್ಲಿ ಕೇಳಿ ಇನ್ನೊಂದರಲ್ಲಿ ಮರುಪ್ರಸಾರ ಮಾಡುವ ಎರಡು ಯಂತ್ರಗಳಿದ್ದವು. ಒಂದು ನಮ್ಮವರದು, ಇನ್ನೊಂದನ್ನು ಕಟ್ಟಿಕೊಟ್ಟವನು ಹಾಲೆಂಡಿನ ವಿಲಿಯಂ ಲೈಯೆನಾರ್ ಎಂಬ ಇಂಜಿನಿಯರಿಂಗ್ ವಿದ್ಯಾರ್ಥಿ. ವಿದ್ಯಾರ್ಥಿಯೊಬ್ಬನ ಕೈಕೆಲಸವನ್ನು ಒಂದು ರಾಷ್ಟ್ರದ ಬಾಹ್ಯಾಕಾಶ ಸಂಸ್ಥೆ ನಂಬಿ ಆಕಾಶಕ್ಕೊಯ್ದಿತೆಂಬುದು ಈ ಹವ್ಯಾಸದ ಬಂಧುತ್ವಕ್ಕೆ ಸಾಕ್ಷಿ.

ಇದಕ್ಕೆ ಕೆಲವೇ ತಿಂಗಳ ಮುಂಚೆ, 2004ರ ಡಿಸೆಂಬರ್ 26ರಂದು, ಸುನಾಮಿಯ ಹೊಡೆತಕ್ಕೆ ಅಂಡಮಾನಿನ ದೂರವಾಣಿಗಳೆಲ್ಲ ಮೂಕವಾಗಿದ್ದಾಗ, ಆಕಸ್ಮಿಕವಾಗಿ ಪೋರ್ಟ್‌ಬ್ಲೇರಿನಲ್ಲಿದ್ದ ಭಾರತಿ ಪ್ರಸಾದ್ ಅವರ ಹ್ಯಾಮ್ ತಂಡ ತನ್ನ ಸಣ್ಣ ಠಾಣೆಯಿಂದಲೇ ಮುಖ್ಯಭೂಮಿಗೆ ಸುದ್ದಿ ಮುಟ್ಟಿಸಿತ್ತು. ಮಕ್ಕಳಾಟವೆಂದು ಕಾಣುವ ಹವ್ಯಾಸ ಮನೆಮನೆಯ ಆತಂಕಕ್ಕೆ ಉತ್ತರ ತಂದುಕೊಟ್ಟ ಗಳಿಗೆ ಅದು. ಹ್ಯಾಮ್‌ಸ್ಯಾಟ್ ಬಂದಾಗ ಆ ನೆನಪು ಇನ್ನೂ ಹಸಿಯಾಗಿತ್ತು.

ಅದು ತಿರುಗುತ್ತಿದ್ದುದು ಸುಮಾರು 620 ಕಿಲೋಮೀಟರ್ ಎತ್ತರದಲ್ಲಿ, ಧ್ರುವದಿಂದ ಧ್ರುವಕ್ಕೆ, 97 ನಿಮಿಷಗಳಿಗೊಂದು ಸುತ್ತು. ಈ ಲೆಕ್ಕವನ್ನು ಸ್ವಲ್ಪ ಬಿಡಿಸಿದರೆ ಇಡೀ ವಿದ್ಯೆಯ ಗುಟ್ಟು ಅದರಲ್ಲಿದೆ. ಅಷ್ಟು ಎತ್ತರದ ವಸ್ತು ನೆತ್ತಿಯ ಮೇಲೆಯೇ ಹಾದುಹೋದರೂ ದಿಗಂತದಿಂದ ದಿಗಂತಕ್ಕೆ ಕಾಣಿಸುವುದು ಹೆಚ್ಚೆಂದರೆ 13 ನಿಮಿಷ. ಅಷ್ಟರಲ್ಲಿ ನಿಮ್ಮ ಕೆಲಸ ಮುಗಿಯಬೇಕು. ಫೋನು ಬಂತು, ಹಾಲು ಉಕ್ಕಿತು, ಬಾಗಿಲಲ್ಲಿ ನೆಂಟರು ನಿಂತರು ಎಂದರೆ ಉಪಗ್ರಹ ಕಾಯುವುದಿಲ್ಲ. ಆ ಹದಿಮೂರು ನಿಮಿಷ ನೀವೂ ಇನ್ನೊಬ್ಬ ಹವ್ಯಾಸಿಯೂ ಅದಕ್ಕೆ ಏಕಕಾಲದಲ್ಲಿ ಕಾಣುವಂತಿದ್ದರೆ ಮಾತುಕತೆ ಸಾಧ್ಯ. ಬೆಂಗಳೂರಿನ ನೆತ್ತಿಯ ಮೇಲಿದ್ದಾಗ ಹ್ಯಾಮ್‌ಸ್ಯಾಟಿನ ದೃಷ್ಟಿ ಸುತ್ತಲೂ 2,700 ಕಿಲೋಮೀಟರ್ ಹರಡುತ್ತಿತ್ತು. ದಿಲ್ಲಿ, ಕೊಲಂಬೊ, ಮಸ್ಕತ್ ಎಲ್ಲವೂ ಆ ವೃತ್ತದೊಳಗೆ. ಇಷ್ಟಕ್ಕೂ ಅದರ ಪ್ರಸಾರಶಕ್ತಿ ಎಷ್ಟು? ಒಂದು ವಾಟ್. ದೇವರ ಮನೆಯ ಪುಟ್ಟ ದೀಪದಷ್ಟು.

ಠಾಣೆಯ ಸಾಮಗ್ರಿ

ಒಂದು ವಾಟ್ ದನಿಯನ್ನು ಹಿಡಿಯುವ ಕಿವಿಯೇ ಆಂಟೆನಾ. ಹಿಂದೆ ಮನೆಮನೆಯ ಮಹಡಿಯ ಮೇಲೆ ದೂರದರ್ಶನಕ್ಕಾಗಿ ನಿಂತಿರುತ್ತಿದ್ದ, ಮೀನಿನ ಮುಳ್ಳಿನಂತಹ ಆಂಟೆನಾಗಳನ್ನು ಹಿರಿಯ ಓದುಗರು ಮರೆತಿರಲಾರರು. ಯಾಗಿ ಎಂಬ ಹೆಸರಿನ ಅದೇ ಜಾತಿ ಇಲ್ಲಿಯೂ ಬೇಕು, ಅಳತೆ ಮಾತ್ರ ಬೇರೆ. ಹವ್ಯಾಸಿ ಉಪಗ್ರಹಗಳಲ್ಲಿ ಹೆಚ್ಚಿನವು ಬಳಸುವುದು 145 ಮತ್ತು 435 ಮೆಗಾಹರ್ಟ್ಸ್ ಆಸುಪಾಸಿನ ಕಂಪನಾಂಕಗಳನ್ನು. ಮೊದಲನೆಯದಕ್ಕೆ ಕಡ್ಡಿಗಳು ಸುಮಾರು ಒಂದು ಮೀಟರ್ ಉದ್ದ, ಎರಡನೆಯದಕ್ಕೆ ಅದರ ಮೂರನೆಯ ಒಂದು ಪಾಲು. ಸಾದರ ಪತ್ರಪ್ಪ ರಸ್ತೆಯ ಅಂಗಡಿಗಳನ್ನು ಒಂದು ಮಧ್ಯಾಹ್ನ ಸುತ್ತಿದರೆ ಸಾಮಾನೆಲ್ಲ ಸಿಗುತ್ತದೆ. ಮರದ ಪಟ್ಟಿಯನ್ನೋ ನೀರಿನ ಪ್ಲಾಸ್ಟಿಕ್ ಕೊಳವೆಯನ್ನೋ ಬೆನ್ನೆಲುಬಾಗಿ ಮಾಡಿಕೊಂಡು, ದರ್ಜಿಯಷ್ಟು ನಿಖರವಾಗಿ ಅಳೆದು ಕಡ್ಡಿಗಳನ್ನು ಕೂರಿಸಬೇಕು. ಬಡಗಿಯ ಉಕ್ಕಿನ ಅಳತೆಪಟ್ಟಿಯನ್ನು ಕತ್ತರಿಸಿ ಕಡ್ಡಿಯ ಬದಲು ಬಳಸುವ ಜಾಣರೂ ಉಂಟು.

ಅಲ್ಲಿಂದ ಮುಂದೆ ಹೊಸಬರು ಎಡವುವುದು ತಂತಿಯಲ್ಲಿ. ಆಂಟೆನಾ ಮಹಡಿಯ ಮೇಲೆ, ಗ್ರಾಹಕಯಂತ್ರ ಕೆಳಗಿನ ಕೋಣೆಯಲ್ಲಿ. ನಡುವೆ ಅಗ್ಗದ ತೆಳು ಕೇಬಲ್ ಎಳೆದರೆ 435 ಮೆಗಾಹರ್ಟ್ಸ್ ಸಂಕೇತ ಹತ್ತು ಮೀಟರ್ ಸಾಗುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಸೋರಿಹೋಗಿರುತ್ತದೆ. ಬಾವಿಯಿಂದ ಸೇದಿದ ನೀರು ಒಡಕು ಕೊಡದಲ್ಲಿ ಮನೆ ಸೇರಿದಂತೆ! ಆದುದರಿಂದ ಅನುಭವಿಗಳು ಆಂಟೆನಾದ ಬುಡದಲ್ಲಿಯೇ ಒಂದು ಸಣ್ಣ ಸಂಕೇತವರ್ಧಕವನ್ನು ಕೂರಿಸುತ್ತಾರೆ, ಇಲ್ಲವೇ ತಾವೇ ಮಹಡಿಗೆ ಹತ್ತುತ್ತಾರೆ.

ಗ್ರಾಹಕಯಂತ್ರದ ಮಾತು ಈಗ ಬಹಳ ಸುಲಭವಾಗಿದೆ. ಕಂಪ್ಯೂಟರಿನಲ್ಲಿ ಟೆಲಿವಿಷನ್ ನೋಡಲೆಂದು ತಯಾರಾದ ಹೆಬ್ಬೆರಳಿನಷ್ಟರ ಒಂದು ಉಪಕರಣ ವಿಶಾಲ ವ್ಯಾಪ್ತಿಯ ರೇಡಿಯೋ ಅಲೆಗಳನ್ನೆಲ್ಲ ಹಿಡಿಯಬಲ್ಲದೆಂಬುದು 2012ರ ಸುಮಾರಿಗೆ ಹವ್ಯಾಸಿಗಳಲ್ಲಿ ಪ್ರಚಾರವಾಯಿತು. ಅಂದಿನಿಂದ ಶಾಲಾ ಬಾಲಕರಿಗೂ ಈ ಬಾಗಿಲು ತೆರೆದಂತಾಗಿದೆ. ಆಂಟೆನಾವನ್ನು ತಾನಾಗಿ ತಿರುಗಿಸುವ ಎರಡು ಮೋಟಾರುಗಳಿದ್ದರೆ ಠಾಣೆಗೆ ಗಾಂಭೀರ್ಯ ಬರುತ್ತದೆಂಬುದು ನಿಜ. ಆದರೆ ಮೊದಲ ವರ್ಷ ಕೈಯಲ್ಲಿ ಹಿಡಿದೇ ತಿರುಗಿಸುವುದು ಲೇಸೆಂಬುದು ನಮ್ಮ ಅಭಿಪ್ರಾಯ. ಆಕಾಶದ ದಾರಿ ತೋಳಿಗೆ ಪರಿಚಯವಾಗುತ್ತದೆ.

ನಗರವಾಸಿಗೆ ಎರಡು ಎಚ್ಚರಿಕೆ. ಅಗ್ಗದ ಎಲ್‌ಇಡಿ ದೀಪಗಳೂ ಮೊಬೈಲ್ ಚಾರ್ಜರುಗಳೂ ಗದ್ದಲದ ರೇಡಿಯೋ ಅಲೆಗಳನ್ನು ಚೆಲ್ಲುತ್ತವೆ. ಮನೆಯ ದೀಪ ಆರಿಸಿದೊಡನೆ ಉಪಗ್ರಹ ಸ್ಪಷ್ಟವಾಗಿ ಕೇಳಿಸುವುದು ಅಪರೂಪವೇನಲ್ಲ. ಎರಡನೆಯದು ಬೆಂಗಳೂರಿನ ಏಪ್ರಿಲ್-ಮೇ ತಿಂಗಳ ಸಂಜೆಯ ಗುಡುಗು-ಸಿಡಿಲು. ಕಂಬಕ್ಕೆ ಭೂಸಂಪರ್ಕ ಕೊಡಿಸದೆ, ಮೋಡ ಕವಿದಾಗ ಕೇಬಲ್ ಕಳಚದೆ ಠಾಣೆ ನಡೆಸುವವರು ಮನೆಮಂದಿಯ ಪ್ರಾಣದೊಡನೆ ಆಟವಾಡುತ್ತಾರೆ.

ಹಿಡಿಯುವ ಪರಿ

ಅತಿಥಿ ಬರುವ ವೇಳೆ ತಿಳಿಯುವುದೆಂತು? ಗ್ರಹಗಳಿಗೆ ಪಂಚಾಂಗವಿರುವಂತೆ ಉಪಗ್ರಹಗಳಿಗೂ ಒಂದುಂಟು. ಕಕ್ಷೆಯ ವಿವರಗಳನ್ನು ಎರಡೇ ಸಾಲು ಅಂಕಿಗಳಲ್ಲಿ ಅಡಕಮಾಡಿ ಪ್ರಕಟಿಸುತ್ತಾರೆ. ಕಂಪ್ಯೂಟರಿನ ತಂತ್ರಾಂಶ ಅದನ್ನೋದಿ ಇಂತಿಷ್ಟು ಗಂಟೆಗೆ ಇಂಥ ದಿಕ್ಕಿನಲ್ಲಿ ಉದಯ, ಇಂಥಲ್ಲಿ ಅಸ್ತವೆಂದು ಹೇಳುತ್ತದೆ. ಆದರೆ ಈ ಪಂಚಾಂಗ ವರುಷವಿಡೀ ಬಾಳುವಂಥದಲ್ಲ. ಅಷ್ಟೆತ್ತರದಲ್ಲಿಯೂ ವಾಯುಮಂಡಲದ ತೆಳುವಾದ ಉಸಿರು ಉಪಗ್ರಹವನ್ನು ಉಜ್ಜುತ್ತದೆ. ಸೂರ್ಯ ಕೆರಳಿದಾಗ ಆ ಉಜ್ಜು ಹೆಚ್ಚುತ್ತದೆ. ಕೆಲವು ವಾರ ಹಳೆಯದಾದ ಅಂಕಿಗಳನ್ನು ನಂಬಿದರೆ ಗಡಿಯಾರ ತಪ್ಪುತ್ತದೆ.

ಹೇಳಿದ ಗಳಿಗೆಗೆ ದಿಗಂತದತ್ತ ಆಂಟೆನಾ ಹಿಡಿದು ನಿಂತರೆ ಮೊದಲು ಬರಿಯ ಸುಯ್ಲು. ಆಗ ಉಪಗ್ರಹವಿರುವುದು 2,900 ಕಿಲೋಮೀಟರ್ ದೂರದಲ್ಲಿ; ನೆತ್ತಿಗೆ ಬಂದಾಗಿನ ಇಪ್ಪತ್ತನೆಯ ಒಂದು ಪಾಲಿಗಿಂತಲೂ ಕ್ಷೀಣ ಅದರ ದನಿ. ಕ್ರಮೇಣ ಸುಯ್ಲಿನೊಳಗಿಂದ ಒಂದು ಸಿಳ್ಳು ಮೇಲೇಳುತ್ತದೆ. ಅದು ನಿಂತಲ್ಲಿ ನಿಲ್ಲುವುದಿಲ್ಲ. ಎದುರಿನಿಂದ ಬರುವ ರೈಲಿನ ಕೂಗು ತಾರಕದಲ್ಲಿದ್ದು, ನಮ್ಮನ್ನು ದಾಟಿದೊಡನೆ ಮಂದ್ರಕ್ಕಿಳಿಯುವುದಲ್ಲವೇ, ಹಾಗೆ ಸೆಕೆಂಡಿಗೆ ಏಳೂವರೆ ಕಿಲೋಮೀಟರ್ ಓಡುವ ಉಪಗ್ರಹದ ಕಂಪನಾಂಕವೂ ಜಾರುತ್ತದೆ. 435 ಮೆಗಾಹರ್ಟ್ಸ್‌ನಲ್ಲಿ ಈ ಜಾರಿಕೆ ಬರುವಾಗ ಹತ್ತು ಸಾವಿರ ಹರ್ಟ್ಸ್‌ನಷ್ಟು ಮೇಲೆ, ಹೋಗುವಾಗ ಅಷ್ಟೇ ಕೆಳಗೆ. ಒಂದು ಕೈ ಆಂಟೆನಾದ ಮೇಲೆ, ಇನ್ನೊಂದು ಗ್ರಾಹಕದ ತಿರುಪಿನ ಮೇಲೆ, ಕಿವಿ ದನಿಯಲ್ಲಿ. ವೀಣೆ ನುಡಿಸುತ್ತ ಶ್ರುತಿ ಕೂಡಿಸಿದಷ್ಟು ಕಷ್ಟ, ಅಷ್ಟೇ ಸುಖ.

ಮಾತನಾಡುವವರಿಗೆ ಇನ್ನೊಂದು ಸೋಜಿಗವಿದೆ. ತಾವು ಮೇಲಕ್ಕೆ ಕಳುಹಿಸಿದ ದನಿ ಅದೇ ಕ್ಷಣದಲ್ಲಿ ಬೇರೊಂದು ಕಂಪನಾಂಕದಲ್ಲಿ ತಮ್ಮ ಕಿವಿಗೇ ಮರಳಿ ಬರುತ್ತದೆ. ಅದು ಕೇಳಿಸುವವರೆಗೆ ಶಕ್ತಿ ಹೆಚ್ಚಿಸುತ್ತ ಹೋಗುವ ಅವಿವೇಕಿಗಳಿಲ್ಲದಿಲ್ಲ. ಉಪಗ್ರಹದ ಒಂದು ವಾಟ್ ಎಲ್ಲರಿಗೂ ಹಂಚಿಕೆಯಾಗಬೇಕಾದ ಅನ್ನ. ಒಬ್ಬನು ಅರಚಿದರೆ ಉಳಿದವರ ದನಿ ಅಡಗುತ್ತದೆ. ಇಂಥವರಿಗೆ ಹವ್ಯಾಸಿಗಳು ಇಟ್ಟಿರುವ ಹೆಸರು ಮೊಸಳೆ: ಬಾಯಿ ದೊಡ್ಡದು, ಕಿವಿ ಸಣ್ಣದು.

ಕೇಳುವವರಿಂದ ಲಾಭವೇನೆಂದು ಪ್ರಶ್ನಿಸುವವರು ಉಪಗ್ರಹ ಕಟ್ಟಿದ ವಿದ್ಯಾರ್ಥಿಗಳನ್ನು ನೆನೆಯಬೇಕು. ಬೆಂಗಳೂರು ಮತ್ತು ಹೈದರಾಬಾದಿನ ಏಳು ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಕೂಡಿ ಕಟ್ಟಿದ ಸ್ಟಡ್‌ಸ್ಯಾಟ್ 2010ರ ಜುಲೈ 12ರ ಬೆಳಿಗ್ಗೆ ಕಕ್ಷೆ ಸೇರಿತು. ತೂಕ ಒಂದು ಕಿಲೋಗ್ರಾಮಿಗೂ ಕಡಿಮೆ. ಯಲಹಂಕದ ನಿಟ್ಟೆ ಮೀನಾಕ್ಷಿ ಕಾಲೇಜಿನಲ್ಲಿ ಅದಕ್ಕಾಗಿ ಭೂಠಾಣೆ ಸಜ್ಜಾಗಿತ್ತು. ರಾಕೆಟ್ಟಿನಿಂದ ಬೇರ್ಪಟ್ಟ ಮೇಲೆ ಮಗು ಬದುಕಿದೆಯೇ ಇಲ್ಲವೇ ಎಂಬುದನ್ನು ತಿಳಿಯಲು ಅದರ ಮೊದಲ ಅಳುವನ್ನು ಕಾಯುವುದೊಂದೇ ದಾರಿ. ಅಂದು ಮಧ್ಯಾಹ್ನಕ್ಕೆ ಮುನ್ನ ಆ ಸಂಕೇತ ಕೇಳಿಸಿತು. ಶ್ರೀನಗರಕ್ಕೆ ಇನ್ನೂ ಹತ್ತಿರದ ಉದಾಹರಣೆ, ಬನಶಂಕರಿ ಮೂರನೆಯ ಹಂತದ ಹೊರವರ್ತುಲ ರಸ್ತೆಯಲ್ಲಿರುವ ಪಿಇಎಸ್ ವಿಶ್ವವಿದ್ಯಾಲಯದ ಪೈಸ್ಯಾಟ್. 5.25 ಕಿಲೋಗ್ರಾಂ ತೂಗುವ, ಭೂಮಿಯ ಚಿತ್ರ ತೆಗೆಯಲೆಂದು ರೂಪಿಸಿದ ಈ ಉಪಗ್ರಹ 2016ರ ಸೆಪ್ಟೆಂಬರ್ 26ರಂದು ಮೇಲೇರಿತು. ಅದರ ಭೂಠಾಣೆ ವಿದ್ಯಾಲಯದ ಆವರಣದಲ್ಲಿಯೇ. ಅದೇ ರಾಕೆಟ್ಟಿನಲ್ಲಿ ಹೋದ ಮುಂಬಯಿ ಐಐಟಿಯ ‘ಪ್ರಥಮ್’ಗಾಗಿ ಬೇರೆ ಬೇರೆ ಊರಿನ ಕಾಲೇಜುಗಳೂ ಕಿವಿಗೊಟ್ಟು ನಿಲ್ಲಬೇಕೆಂಬ ಯೋಜನೆಯಿತ್ತು. ಏಕೆಂದರೆ ಒಂದು ಠಾಣೆಗೆ ಉಪಗ್ರಹ ಕಾಣುವುದು ದಿನಕ್ಕೆ ಕೆಲವು ನಿಮಿಷ. ಉಳಿದ ಹೊತ್ತು ಅದು ಪರರ ಆಕಾಶದಲ್ಲಿ. ಅಲ್ಲಿ ಅದಕ್ಕೆ ಜ್ವರ ಬಂದರೆ, ಬ್ಯಾಟರಿ ಕುಗ್ಗಿದರೆ, ಅಪರಿಚಿತ ಹವ್ಯಾಸಿಯೊಬ್ಬ ಬರೆದುಕೊಂಡ ಎರಡು ಸಾಲೇ ತಾಯ್ತಂದೆಯರಿಗೆ ಸುದ್ದಿ.

ಹ್ಯಾಮ್‌ಸ್ಯಾಟಿಗೆ ನಿಗದಿಯಾಗಿದ್ದ ಆಯುಸ್ಸು ಎರಡು ವರ್ಷ. ಬಾಳಿದ್ದು ಒಂಬತ್ತಕ್ಕೂ ಮೀರಿ. 2014ರ ಜುಲೈಯಲ್ಲಿ ಬ್ಯಾಟರಿಗಳು ಕೈಕೊಟ್ಟು ಅದು ಮೌನವಾಯಿತು. ಸೇವೆ ಮುಗಿಯಿತೆಂದು ಇಸ್ರೋ ಪ್ರಕಟಿಸಿತು. ಆದರೂ ಹವ್ಯಾಸಿಗಳು ಸತ್ತ ಉಪಗ್ರಹವನ್ನು ಅಷ್ಟು ಬೇಗ ಮರೆಯುವವರಲ್ಲ, ಅದಕ್ಕೆ ಕಾರಣವೂ ಇದೆ. 1974ರ ನವೆಂಬರಿನಲ್ಲಿ ಹಾರಿದ್ದ ಆಸ್ಕರ್-7 ಎಂಬುದು 1981ರಲ್ಲಿ ಬ್ಯಾಟರಿ ಕೆಟ್ಟು ಸತ್ತುಹೋಗಿತ್ತು. 2002ರ ಜೂನಿನಲ್ಲಿ ಇಂಗ್ಲೆಂಡಿನ ಹವ್ಯಾಸಿಯೊಬ್ಬರು ಅದರ ದನಿಯನ್ನು ಮತ್ತೆ ಕೇಳಿದರು! ಕೆಟ್ಟ ಬ್ಯಾಟರಿಯ ಒಳಸಂಪರ್ಕ ಹೇಗೋ ಕಡಿದುಹೋಗಿ, ಬಿಸಿಲು ಬಿದ್ದಾಗಲೆಲ್ಲ ಸೌರಫಲಕಗಳಿಂದಲೇ ಯಂತ್ರ ಓಡತೊಡಗಿತ್ತು. ಇಪ್ಪತ್ತೊಂದು ವರ್ಷಗಳ ಮೌನದ ಬಳಿಕ.

ಇಂದು ಆರಂಭಿಸಬಯಸುವವರಿಗೆ ಸುಲಭದ ಗುರಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ. ಅದರ ಹವ್ಯಾಸಿ ಠಾಣೆ ಶಾಲೆಗಳೊಡನೆ ಮಾತನಾಡುವಾಗ ಕೆಳಗಿಳಿಸುವ ದನಿ 145.800 ಮೆಗಾಹರ್ಟ್ಸ್‌ನಲ್ಲಿರುತ್ತದೆ, ದೊಡ್ಡ ಆಂಟೆನಾ ಬೇಡ. 2025ರ ಜುಲೈ 4ರಂದು ನಮ್ಮ ಶುಭಾಂಶು ಶುಕ್ಲಾ ಅಲ್ಲಿಂದಲೇ ಹ್ಯಾಮ್ ರೇಡಿಯೋ ಮೂಲಕ ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ನೆರೆದ ವಿದ್ಯಾರ್ಥಿಗಳೊಡನೆ ಮಾತನಾಡಿದರು. ಓಡಾಟ ಬೇಡವೆನ್ನುವವರಿಗೆ ಕತಾರಿನ ಎಸ್‌ಹೇಲ್-2ರ ಮೇಲಿನ ಹವ್ಯಾಸಿ ಯಂತ್ರವಿದೆ. ಬೆಂಗಳೂರಿನ ಪಶ್ಚಿಮದ ಆಕಾಶದಲ್ಲಿ ಸುಮಾರು 30 ಡಿಗ್ರಿ ಎತ್ತರಕ್ಕೆ ಅದು ಕದಲದೆ ನಿಂತಿರುತ್ತದೆ, ಟೆಲಿವಿಷನ್ನಿನ ತಟ್ಟೆಯೇ ಅದಕ್ಕೆ ಸಾಕು. ಅನುಕೂಲವೇನೋ ಹೌದು, ಬೇಟೆಯ ಸೊಗಸಿಲ್ಲ.

ಪ್ರಸಾರ ಮಾಡಬೇಕೆಂದರೆ ಮಾತ್ರ ಕೇಂದ್ರ ಸಂಪರ್ಕ ಇಲಾಖೆ ನಡೆಸುವ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪರವಾನಗಿಯನ್ನೂ, ‘ವಿಯು’ ಅಕ್ಷರಗಳಿಂದ ಮೊದಲಾಗುವ ಸ್ವಂತ ಕರೆಸಂಕೇತವನ್ನೂ ಪಡೆಯಬೇಕು. ಹನ್ನೆರಡು ವರ್ಷ ತುಂಬಿದವರು ಪರೀಕ್ಷೆಗೆ ಕೂರಬಹುದು. ಮಗಳೋ ಮಗನೋ ಓದಿಗೆ ಕುಳಿತಿರುವಾಗ ಮಹಡಿಯ ನಾಲ್ಕಡಿ ಜಾಗವನ್ನು ತೆರವು ಮಾಡಿಡುವ ಕೆಲಸವನ್ನು ಹಿರಿಯರು ನೋಡಿಕೊಳ್ಳಲಿ; ಸಂಡಿಗೆ ಒಣಹಾಕುವವರೊಡನೆ ಒಪ್ಪಂದವನ್ನು ಮೊದಲೇ ಮಾಡಿಕೊಳ್ಳುವುದು ಒಳ್ಳೆಯದು.