ಕೈ ಕಲಿಯದ ವಿದ್ಯೆಗೆ ಯಂತ್ರವೇನು ಮಾಡೀತು?

ಹಬ್ಬದ ದಿನ ಪೆಟ್ಟಿಗೆಯಿಂದ ರೇಷ್ಮೆ ಸೀರೆಯನ್ನು ಹೊರತೆಗೆಯುವ ಗೃಹಿಣಿ ಅಂಚನ್ನು ನೋಡುತ್ತಾಳೆ, ಸೆರಗನ್ನು ನೋಡುತ್ತಾಳೆ, ಬಣ್ಣವನ್ನು ಮೆಚ್ಚುತ್ತಾಳೆ. ಆ ನೂಲು ಎಲ್ಲಿಯೂ ಗಂಟಾಗದೆ, ಎಲ್ಲಿಯೂ ತೆಳ್ಳಗಾಗದೆ ಬಂದುದು ಹೇಗೆಂದು ಯೋಚಿಸುವವರು ವಿರಳ. ಅದನ್ನು ತಿಳಿಯಬೇಕೆನ್ನುವವರು ಶಿಡ್ಲಘಟ್ಟಕ್ಕೆ ಹೋಗಿ ನೋಡಬೇಕು.

ಚಿಕ್ಕಬಳ್ಳಾಪುರ, ಚಿಂತಾಮಣಿ, ಗೌರಿಬಿದನೂರುಗಳ ಸುತ್ತಲ ಹಿಪ್ಪುನೇರಳೆ ತೋಟಗಳವರಿಗೆ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಚಿರಪರಿಚಿತ. ಅಲ್ಲಿ ಕೊಂಡ ಗೂಡನ್ನು ಬೇಯಿಸಿ, ನೂಲು ಬಿಚ್ಚುವುದೇ ಊರಿನ ಮುಖ್ಯ ಕಸುಬು. ಕುದಿನೀರಿನಲ್ಲಿ ಗೂಡಿನ ಅಂಟು ಸಡಿಲವಾಗಬೇಕು. ಹೆಚ್ಚು ಬೆಂದರೆ ಎಳೆ ಮುದ್ದೆಯಾಗುತ್ತದೆ, ಕಡಿಮೆ ಬೆಂದರೆ ತುಂಡಾಗುತ್ತದೆ. ಹಲವು ಗೂಡುಗಳ ಎಳೆ ಸೇರಿ ಒಂದು ನೂಲು. ಗೂಡು ಮುಗಿಯುತ್ತ ಬಂದಂತೆ ಎಳೆ ಸಣ್ಣದಾಗುವುದರಿಂದ, ಸರಿಯಾದ ಕ್ಷಣದಲ್ಲಿ ಹೊಸ ಗೂಡನ್ನು ಸೇರಿಸಬೇಕು. ತಪ್ಪಿದರೆ ನೂಲಿಗೆ ಬೆಲೆಯಿಲ್ಲ.

ಈ ವಿದ್ಯೆಯನ್ನು ಮಕ್ಕಳು ಹಿರಿಯರ ಪಕ್ಕದಲ್ಲಿ ಕುಳಿತು ಕಲಿತರು. ಚರಕದ ಮುಂದೆ ಒಬ್ಬರು ಬಿಸಿನೀರಿನಲ್ಲಿ ಬೆರಳಿಟ್ಟರೆ, ಇನ್ನೊಬ್ಬರು ರಾಟೆ ತಿರುಗಿಸುವರು. ಆದರೆ ಹೀಗೆ ಕಲಿಯುವವನು ಕೆಡಿಸಿದ ಗೂಡೆಲ್ಲ ಮನೆಯ ಬಂಡವಾಳದ್ದೇ. ಕಲಿಕೆಯ ಶುಲ್ಕ ಇದಕ್ಕಿಂತ ದುಬಾರಿಯಾದೀತೆ?

ಹೊರಗಿನ ಜ್ಞಾನ ನಮ್ಮ ನಾಡಿಗೆ ಹೊಸದಲ್ಲ. 1890ರ ದಶಕದಲ್ಲಿಯೇ ಜಮ್‌ಷೇಟ್‌ಜಿ ಟಾಟಾ ಅವರು ಬೆಂಗಳೂರಿನಲ್ಲಿ ರೇಷ್ಮೆ ಫಾರಂ ತೆರೆದು, ಜಪಾನಿನ ತಜ್ಞರನ್ನು ಕರೆಸಿಕೊಂಡರು. ಒಂದು ಶತಮಾನದ ಬಳಿಕ, 1991ರಲ್ಲಿ, ಜಪಾನಿನ ನೆರವಿನಿಂದಲೇ ದ್ವಿತಳಿ ರೇಷ್ಮೆಯ ತಾಂತ್ರಿಕ ಯೋಜನೆ ಆರಂಭವಾಯಿತು. ಹೊಸ ತಳಿ ಬಂದಾಗ ರೈತನೂ ಬಿಚ್ಚಾಣಿಕೆದಾರನೂ ಹೊಸದಾಗಿ ಕಲಿಯಬೇಕಾಯಿತು. ಚಿಂತಾಮಣಿಯಲ್ಲಿ ರೇಷ್ಮೆ ಕೃಷಿಯ ಕಾಲೇಜು ಇದೆ. ಬೆಂಗಳೂರಿನಲ್ಲಿ ನೂಲು ಬಿಚ್ಚಾಣಿಕೆಯನ್ನು ಕುರಿತು ಸಂಶೋಧನೆ ನಡೆಸುವ ಕೇಂದ್ರ ರೇಷ್ಮೆ ಮಂಡಳಿಯ ಸಂಸ್ಥೆಯೂ ಉಂಟು.

ಈಗ ಸ್ವಯಂಚಾಲಿತ ಯಂತ್ರ ಬಂದಿದೆ. ಅದರಲ್ಲಿ ನೂಲು ಎರಡು ಗಾಜಿನ ತಟ್ಟೆಗಳ ನಡುವಿನ ಸೂಕ್ಷ್ಮ ಸಂದಿಯಲ್ಲಿ ಹಾಯುತ್ತದೆ. ನೂಲು ತೆಳುವಾದರೆ ಘರ್ಷಣೆ ತಗ್ಗುತ್ತದೆ; ಒಡನೆಯೇ ಯಂತ್ರ ತಾನಾಗಿ ಮತ್ತೊಂದು ಗೂಡಿನ ಎಳೆಯನ್ನು ಕೂಡಿಸುತ್ತದೆ. ಅಜ್ಜಿಯ ಕಣ್ಣು ಮಾಡುತ್ತಿದ್ದ ಕೆಲಸವೇ ಇದು!

ಹಾಗಾದರೆ ಕಲಿಯುವುದೇನೂ ಉಳಿಯಲಿಲ್ಲವೇ? ಉಳಿದಿದೆ. ಗೂಡು ಏಕರೂಪದ್ದಾಗಿರದಿದ್ದರೆ ಯಂತ್ರ ಪದೇ ಪದೇ ನಿಲ್ಲುತ್ತದೆ. ಆಗ ದೋಷ ಗೂಡಿನದೋ, ಬೇಯಿಸಿದ್ದರದೋ, ನೀರಿನದೋ, ಸಂದಿಯಲ್ಲಿ ಸಿಕ್ಕ ಕಸದ್ದೋ ಎಂದು ಹೇಳಬಲ್ಲವರು ಬೇಕು. ಕರಿಹಲಗೆಯ ಮೇಲಿನ ಚಿತ್ರವನ್ನು ನೋಡಿ ಇದು ಬಾರದು.

ಆದುದರಿಂದ ತರಬೇತಿ ಕೊಡುವವರು ಆಯ್ದ ಒಳ್ಳೆಯ ಗೂಡನ್ನಷ್ಟೇ ಕಲಿಯುವವರ ಮುಂದಿಟ್ಟರೆ ಸಾಲದು. ಮಳೆಗಾಲದ ತೇವದ ಗೂಡನ್ನೂ ಕೊಡಲಿ. ಎಳೆ ಹತ್ತು ಬಾರಿ ಕಡಿಯಲಿ, ಹನ್ನೊಂದನೆಯ ಬಾರಿ ಅವರೇ ಕಾರಣ ಹುಡುಕಲಿ. ತಪ್ಪಿನ ನಷ್ಟವನ್ನು ತರಬೇತಿಯ ಕೇಂದ್ರ ಹೊರಲಿ, ಬಡವನ ಒಲೆಯಲ್ಲ. ಮೊಬೈಲಿನಲ್ಲಿ ತೆಗೆದ ಚಿತ್ರವನ್ನು ಮನೆಯಲ್ಲಿ ಮತ್ತೆ ನೋಡಿಕೊಳ್ಳಬಹುದು. ಅದು ಪಾಠವನ್ನು ನೆನಪಿಸೀತು, ಬೆರಳಿಗೆ ಹದವನ್ನು ಕಲಿಸಲಾರದು.

ಕೆಲಸವನ್ನು ಕಸಿದುಕೊಳ್ಳುವ ಯಂತ್ರವೆಂದು ಶಿಡ್ಲಘಟ್ಟದ ಹೆಣ್ಣುಮಕ್ಕಳು ಅದನ್ನು ದೂರದಿಂದ ನೋಡುವಂತಾಗಬಾರದು. ಬಿಸಿನೀರಿನಲ್ಲಿ ಬೆರಳು ಸುಟ್ಟುಕೊಂಡು ಹದವನ್ನರಿತವರು ಅವರೇ. ಯಂತ್ರದ ಗುಂಡಿಯನ್ನು ಮೊದಲು ಅವರ ಕೈಗೆ ಕೊಡಬೇಕು. ನಾವು ಉಡುವ ಸೀರೆಯ ನಯ ಅವರ ಅನುಭವದ ಋಣ.