ಹಂಡೆಯ ಒಲೆಗೆ ಏನು ಹಾಕುತ್ತೇವೆ?

ಮೂಡುಬಿದಿರೆಯಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಊರು ತೋಡಾರು. ಹೆದ್ದಾರಿ ಬಿಟ್ಟು ಒಳದಾರಿಗಿಳಿದರೆ ಅಡಿಕೆ ತೋಟ, ತೆಂಗು, ಗುಡ್ಡದ ಬದಿಯಲ್ಲಿ ಮುರಕಲ್ಲಿನ ಮನೆಗಳು. ಬೆಳಗಿನ ಹೊತ್ತು ಈ ಕಡೆಯ ಬಹಳಷ್ಟು ಮನೆಗಳ ಹಿತ್ತಲಲ್ಲಿ ಬಚ್ಚಲಿನ ಒಲೆಯಿಂದ ಹೊಗೆ ಏಳುತ್ತಿರುತ್ತದೆ. ಗ್ಯಾಸ್ ಬಂದ ಮೇಲೆ ಅಡುಗೆಮನೆಯ ಸೌದೆ ಒಲೆ ಎಷ್ಟೋ ಕಡೆ ಆರಿತು, ಹಂಡೆಯ ಒಲೆ ಮಾತ್ರ ಆರಲಿಲ್ಲ.

ಒಂದು ಕುಟುಂಬ ಪರಿಸರಕ್ಕಾಗಿ ಏನು ಮಾಡಬಹುದು ಎಂದು ಕೇಳಿದರೆ ಬಟ್ಟೆಚೀಲ, ಎಲ್‌ಇಡಿ ಬಲ್ಬು, ವನಮಹೋತ್ಸವದ ಗಿಡ ಎಂಬ ಉತ್ತರ ಬರುತ್ತದೆ. ಅವೆಲ್ಲ ಬೇಕು. ಆದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಯ ಮನೆಯಲ್ಲಿ ಬೆಂಕಿ, ನೀರು, ಕಸ, ಬೂದಿ ನಾಲ್ಕೂ ಒಂದೆಡೆ ಸೇರುವ ಜಾಗ ಬಚ್ಚಲುಮನೆ. ಲೆಕ್ಕವನ್ನು ಅಲ್ಲಿಂದಲೇ ಶುರು ಮಾಡಬೇಕೆಂಬುದು ನನ್ನ ಅಭಿಪ್ರಾಯ.

ಹಿಂದಿನವರ ಬಚ್ಚಲಿನ ವ್ಯವಸ್ಥೆಯನ್ನು ಒಮ್ಮೆ ಗಮನಿಸಿ. ತೋಟದಲ್ಲಿ ಬಿದ್ದ ತೆಂಗಿನ ಮಡಲು, ಕೊತ್ತಳಿಗೆ, ಕಾಯಿಯ ಸಿಪ್ಪೆ, ಅಡಿಕೆಯ ಸೋಗೆ ಒಲೆಗೆ ಉರುವಲು. ಒಲೆಯ ಬೂದಿ ತೆಂಗಿನ ಬುಡಕ್ಕೆ. ಮಿಂದ ನೀರು ಬಚ್ಚಲಿನ ಹಿಂದಿನ ಬಾಳೆಗೆ, ಬಸಳೆ ಚಪ್ಪರಕ್ಕೆ. ಇದರ ಹಿಂದೆ ಒಳ್ಳೆಯ ರಸಾಯನಶಾಸ್ತ್ರ ಇದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆ ನಮ್ಮದು. ಅಷ್ಟು ನೀರು ಮಣ್ಣಿನಲ್ಲಿರುವ ಕ್ಯಾಲ್ಸಿಯಂ, ಪೊಟ್ಯಾಸಿಯಂಗಳನ್ನು ತೊಳೆದೊಯ್ಯುತ್ತದೆ, ಮಣ್ಣು ಹುಳಿಯಾಗುತ್ತದೆ. ಸಸ್ಯ ಉರಿದಾಗ ಅದರಲ್ಲಿದ್ದ ಸಾರಜನಕ ಹೊಗೆಯ ಜೊತೆ ಹೋಗಿಬಿಡುತ್ತದೆ, ಕ್ಯಾಲ್ಸಿಯಂ ಮತ್ತು ಪೊಟ್ಯಾಸಿಯಂ ಬಹುಪಾಲು ಬೂದಿಯಲ್ಲೇ ಉಳಿಯುತ್ತವೆ. ತೆಂಗಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾಗುವ ಪೋಷಕಾಂಶ ಪೊಟ್ಯಾಸಿಯಂ. ಬೂದಿ ಅದನ್ನು ಕೊಡುತ್ತದೆ, ಜೊತೆಗೆ ಮಣ್ಣಿನ ಹುಳಿಯನ್ನೂ ಇಳಿಸುತ್ತದೆ.

ಈ ವ್ಯವಸ್ಥೆ ಕೆಟ್ಟದ್ದು ಒಲೆ ಹೊತ್ತಿಸುವ ಗಳಿಗೆಯಲ್ಲಿ. ಮಳೆಗಾಲ, ಸೌದೆ ಚಂಡಿ, ಮಕ್ಕಳಿಗೆ ಶಾಲೆಯ ಹೊತ್ತಾಯಿತು. ಕೈಗೆ ಸಿಗುವುದು ಹಾಲಿನ ತೊಟ್ಟೆ. ಕಡ್ಡಿ ಗೀರಿ ತುದಿಗೆ ಹಿಡಿದರೆ ಅದು ಮುದುಡುತ್ತದೆ, ಕರಗುತ್ತದೆ, ಉರಿಯುವ ಹನಿಗಳಾಗಿ ಸೌದೆಯ ಮೇಲೆ ತೊಟ್ಟಿಕ್ಕುತ್ತದೆ. ಕ್ಷಣದಲ್ಲಿ ಬೆಂಕಿ ಹತ್ತಿತು. ಹಾಗೆ ಶುರುವಾದ ಅಭ್ಯಾಸ ಬಿಸ್ಕತ್ತಿನ ಕವರು, ಚಿಪ್ಸಿನ ಪ್ಯಾಕೆಟು, ಹರಿದ ಚಪ್ಪಲಿ, ಹಳೆಯ ಪೈಪಿನ ತುಂಡುಗಳವರೆಗೆ ಬೆಳೆಯಿತು. ಕಸದ ಗಾಡಿ ಬಾರದ ಒಳಗಿನ ಮನೆಗಳಿಗೆ ಹಂಡೆಯ ಒಲೆಯೇ ಕಸದ ತೊಟ್ಟಿ.

ಎಲ್ಲ ಪ್ಲಾಸ್ಟಿಕ್ಕೂ ಒಂದೇ ಅಲ್ಲ. ಹಾಲಿನ ತೊಟ್ಟೆ ಪಾಲಿಎಥಿಲೀನ್. ಇಂಗಾಲ ಮತ್ತು ಜಲಜನಕ ಬಿಟ್ಟರೆ ಅದರಲ್ಲಿ ಹೆಚ್ಚೇನೂ ಇಲ್ಲ. ಗಾಳಿ ಸಾಲದ ಒಲೆಯಲ್ಲಿ ಅದು ಅರೆಬರೆ ಉರಿದಾಗ ಮಸಿ, ಕಾರ್ಬನ್ ಮೊನಾಕ್ಸೈಡ್, ಕ್ಯಾನ್ಸರ್ ತರಬಲ್ಲ ಕೆಲವು ಸಂಯುಕ್ತಗಳು ಹೊಗೆಯಲ್ಲಿ ಸೇರುತ್ತವೆ. ಒಲೆಯ ಬಾಯಿಗೆ ಬಗ್ಗಿ ಊದುವವರ ಎದೆಗೆ ಅದು ನೇರವಾಗಿ ಹೋಗುತ್ತದೆ. ಇದೇ ಸಾಕಷ್ಟು ಕೆಟ್ಟದ್ದು. ಪಿವಿಸಿಯ ಕಥೆ ಇನ್ನೂ ಘೋರ. ನೀರಿನ ಪೈಪು, ವಯರಿನ ಮೇಲ್ಕವಚ, ರೆಕ್ಸಿನ್, ಫ್ಲೆಕ್ಸ್ ಬ್ಯಾನರ್ ಇವೆಲ್ಲ ಪಿವಿಸಿ. ಶುದ್ಧ ಪಿವಿಸಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಕ್ಲೋರಿನ್. ಜಾತ್ರೆ, ಚುನಾವಣೆ ಮುಗಿದ ಮೇಲೆ ಫ್ಲೆಕ್ಸ್ ನಮ್ಮಲ್ಲಿ ಸೌದೆ ರಾಶಿಗೆ, ಅಡಿಕೆ ಅಂಗಳಕ್ಕೆ ಹೊದಿಕೆಯಾಗುತ್ತದೆ. ಎರಡು ಮಳೆಗಾಲ ಕಳೆದು ಚಿಂದಿಯಾದಾಗ ಒಲೆ ಸೇರುತ್ತದೆ.

ಕ್ಲೋರಿನ್ ಇರುವ ವಸ್ತು ಅರೆಬರೆ ಉರಿದು, ಆ ಹೊಗೆ ಸುಮಾರು 200ರಿಂದ 450 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಮಸಿಯ ಜೊತೆ ತಣಿಯುವಾಗ ಕಡುವಿಷಗಳಾದ ಡಯಾಕ್ಸಿನ್‌ಗಳು ಹುಟ್ಟುತ್ತವೆ. ಅವನ್ನು ನಾಶ ಮಾಡಲು 850 ಡಿಗ್ರಿಗೂ ಮೇಲ್ಪಟ್ಟ ಶಾಖ ಬೇಕು, ಹೊಗೆ ಅಷ್ಟು ಶಾಖದಲ್ಲಿ ಒಂದೆರಡು ಸೆಕೆಂಡು ನಿಲ್ಲಬೇಕು. ನೀರು ತುಂಬಿದ ಹಂಡೆಯ ತಳ ಬೆಂಕಿಯ ಶಾಖವನ್ನು ಸದಾ ಹೀರುತ್ತಿರುವಾಗ ನಮ್ಮ ಒಲೆಯಲ್ಲಿ ಅದು ಆಗದ ಮಾತು. ತಾಮ್ರ ಜೊತೆಗಿದ್ದರೆ ಡಯಾಕ್ಸಿನ್ ಹುಟ್ಟುವುದು ಇನ್ನೂ ಚುರುಕು. ತಾಮ್ರಕ್ಕಾಗಿ ವಯರು ಸುಡುವುದು ಮನೆಯಂಗಳದಲ್ಲಿ ಮಾಡಬಹುದಾದ ಅತಿ ಅಪಾಯದ ಕೆಲಸಗಳಲ್ಲೊಂದು ಎನ್ನುವುದು ಇದಕ್ಕೇ. ಅಡಿಕೆಯ ಕೊಳೆರೋಗಕ್ಕೆ ತಾಮ್ರದ ಬೋರ್ಡೋ ದ್ರಾವಣ ಸಿಂಪಡಿಸಿದ ತೋಟದ ಹಾಳೆ, ಸೋಗೆಗಳ ಮೇಲೂ ಒಂದಿಷ್ಟು ತಾಮ್ರ ಉಳಿದಿರುತ್ತದೆ. ಬರಿದೇ ಉರಿಸುವಾಗ ಅದು ದೊಡ್ಡ ಸಂಗತಿಯಲ್ಲ. ಪಿವಿಸಿ ಜೊತೆಗೂಡಿದಾಗ ಮಾತು ಬೇರೆ.

ಡಯಾಕ್ಸಿನ್ ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ನಮ್ಮ ಮೈಸೇರಿದ ಡಯಾಕ್ಸಿನ್ ಅರ್ಧಕ್ಕಿಳಿಯಲು 7ರಿಂದ 11 ವರ್ಷ ಹಿಡಿಯುತ್ತದೆ. ಈಗ ಬೂದಿಯ ದಾರಿ ನೋಡಿ. ಪ್ಲಾಸ್ಟಿಕ್ ಉರಿಸಿದ ಒಲೆಯ ಬೂದಿ ತೆಂಗಿನ ಬುಡಕ್ಕೆ ಬಿತ್ತು. ಅಲ್ಲಿ ಮನೆಯ ಕೋಳಿಗಳು ಕೆದಕಿ ಮೇಯುತ್ತವೆ, ಕಾಳಿನ ಜೊತೆ ಮಣ್ಣನ್ನೂ ನುಂಗುತ್ತವೆ. ಆ ಮಣ್ಣಿನಲ್ಲಿದ್ದ ಡಯಾಕ್ಸಿನ್ ಮೊಟ್ಟೆಯ ಹಳದಿಗೆ ಬರುತ್ತದೆ. ಕಸ ಸುಡುವ ಜಾಗಗಳ ಸುತ್ತ ಬಯಲಲ್ಲಿ ಮೇಯುವ ಕೋಳಿಗಳ ಮೊಟ್ಟೆಯಲ್ಲಿ ಡಯಾಕ್ಸಿನ್ ಹೆಚ್ಚಿರುವುದನ್ನು ಹಲವು ದೇಶಗಳಲ್ಲಿ ಕಂಡಿದ್ದಾರೆ. ಊರಕೋಳಿಯ ಮೊಟ್ಟೆ ಆರೋಗ್ಯಕ್ಕೆ ಒಳ್ಳೆಯದೆಂದು ಮಗುವಿಗೆ ತಿನ್ನಿಸುವ ತಾಯಿಗೆ ಈ ಸುದ್ದಿ ತಿಳಿಯಲೇಬೇಕು.

ಬೆಳ್ತಂಗಡಿ ತಾಲೂಕಿನವರಿಗೆ ಇಂಥ ವಿಷದ ಪರಿಚಯ ಮಾಡಿಕೊಡಬೇಕಾಗಿಲ್ಲ. ಕೊಕ್ಕಡ, ಪಟ್ರಮೆ ಭಾಗದ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಎಷ್ಟು ಮನೆಗಳ ನೆಮ್ಮದಿ ಕೆಡಿಸಿತೆಂದು ಅವರು ಕಣ್ಣಾರೆ ಕಂಡಿದ್ದಾರೆ. ಬೇಗ ನಾಶವಾಗದ ವಿಷಗಳನ್ನು ತಡೆಯಲು 2001ರಲ್ಲಿ ಆದ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಎಂಡೋಸಲ್ಫಾನ್ ಸೇರಿದ್ದು 2011ರಲ್ಲಿ. ಡಯಾಕ್ಸಿನ್ ಆ ಪಟ್ಟಿಯ ಮೊದಲ ಹನ್ನೆರಡರಲ್ಲೇ ಇತ್ತು. ಒಂದನ್ನು ಸರಕಾರಿ ನಿಗಮ ಸುರಿದಾಗ ನಾವು ಬೀದಿಗಿಳಿದೆವು. ಇನ್ನೊಂದನ್ನು ನಮ್ಮ ಕೈಯಾರೆ ಮಾಡಿಕೊಳ್ಳುವುದು ಬೇಡ.

ಹಾಗಾದರೆ ಹೊತ್ತಿಸುವುದು ಹೇಗೆ? ತೆಂಗಿನ ಮಡಲಿನ ಬುಡಕ್ಕೆ ಸುತ್ತಿಕೊಂಡು ಬರುವ ಬಟ್ಟೆಯಂಥ ಜಾಲರಿ, ಒಣಸೋಗೆ, ಅಡಿಕೆ ಸಿಪ್ಪೆಯನ್ನು ಏಪ್ರಿಲ್ ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ ಒಂದು ಗೋಣಿಯಲ್ಲಿ ತುಂಬಿ ಒಲೆಯ ಅಟ್ಟದ ಮೇಲಿಟ್ಟರೆ ಮಳೆಗಾಲ ಪೂರ್ತಿ ಸಾಕು. ತೊಟ್ಟೆಗಳನ್ನು ತೊಳೆದು ಬಟ್ಟೆಯ ಹಗ್ಗಕ್ಕೆ ಸಿಕ್ಕಿಸಿ ಒಣಗಿಸಿ ಕೂಡಿಡಬೇಕು. ಪಂಚಾಯತಿನವರು ಒಯ್ಯುವ ಒಣಕಸವನ್ನು ವಿಂಗಡಿಸಲು ತೋಡಾರಿನಿಂದ ಹೆಚ್ಚು ದೂರವಲ್ಲದ ತೆಂಕ ಎಡಪದವಿನಲ್ಲಿ ಘಟಕವೇ ಇದೆ. ಅನ್ನ, ಸಾರು ಮೆತ್ತಿಕೊಂಡ ತೊಟ್ಟೆಯನ್ನು ಅಲ್ಲಿ ಯಾರೂ ವಿಂಗಡಿಸಲಾರರು, ಅದು ಕೊನೆಗೆ ರಾಶಿಗೇ ಹೋಗುತ್ತದೆ. ಆ ರಾಶಿ ಏನು ಮಾಡಬಲ್ಲುದೆಂದು 2019ರ ಆಗಸ್ಟಿನ ಮಳೆಯಲ್ಲಿ ಮಂಗಳೂರಿನ ಪಚ್ಚನಾಡಿಯಲ್ಲಿ ಕಂಡೆವು. ಕಸದ ಗುಡ್ಡ ಜರಿದು ಮಂದಾರದ ತೆಂಗು ಕಂಗುಗಳನ್ನು ಹೂತುಹಾಕಿತು, ಜನ ಮನೆ ಬಿಟ್ಟು ಹೋಗಬೇಕಾಯಿತು.

ಮನೆಯ ಹೆಂಗಸರು ಯಾರಿಗೂ ಹೇಳದೆ ಮಾಡುವ ಇನ್ನೊಂದು ಕೆಲಸವೂ ಇದೆ. ಮುಟ್ಟಿನ ಪ್ಯಾಡುಗಳನ್ನು ಎಸೆಯಲು ಜಾಗವಿಲ್ಲದೆ ಇದೇ ಒಲೆಗೆ ಹಾಕುತ್ತಾರೆ. ಅವುಗಳ ಹೆಚ್ಚಿನ ಭಾಗ ಪ್ಲಾಸ್ಟಿಕ್ಕೇ. ತೊಳೆದು ಬಿಸಿಲಿಗೆ ಒಣಗಿಸಿ ಮತ್ತೆ ಬಳಸುವ ಬಟ್ಟೆ ಪ್ಯಾಡು, ವರ್ಷಗಟ್ಟಲೆ ಬಾಳುವ ಮುಟ್ಟಿನ ಕಪ್ಪು ಈಗ ಸುಲಭವಾಗಿ ಸಿಗುತ್ತವೆ. ಮನೆಯ ಗಂಡಸರೂ ಕೂತು ಮಾತಾಡಬೇಕಾದ ವಿಷಯ ಇದು.

ಇನ್ನು ಬೆಂಕಿಯ ಲೆಕ್ಕ. ಒಬ್ಬರಿಗೆ 25 ಲೀಟರ್ ನೀರನ್ನು 27 ಡಿಗ್ರಿಯಿಂದ 42 ಡಿಗ್ರಿಗೆ ಏರಿಸಲು ಸುಮಾರು 0.44 ಯೂನಿಟ್ ವಿದ್ಯುತ್ತಿನಷ್ಟು ಶಾಖ ಬೇಕು. ನಾಲ್ವರ ಮನೆಗೆ ದಿನಕ್ಕೆ 1.75, ವರ್ಷಕ್ಕೆ 640 ಯೂನಿಟ್. ನಮ್ಮ ದೇಶದಲ್ಲಿ ಒಂದು ಯೂನಿಟ್ ವಿದ್ಯುತ್ತಿನ ಹಿಂದೆ ಸರಾಸರಿ 0.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬೀಳುವುದರಿಂದ ಗೀಸರಿನ ಸ್ನಾನ ವರ್ಷಕ್ಕೆ ಸುಮಾರು 450 ಕಿಲೋ ಇಂಗಾಲಾನಿಲಕ್ಕೆ ಸಮ. ತೋಟದ ಮಡಲು, ಸೋಗೆಯ ಬೆಂಕಿಗೆ ಈ ಹೊರೆ ಇಲ್ಲ; ಈ ವರ್ಷ ಬಿಟ್ಟ ಅನಿಲವನ್ನು ಮುಂದಿನ ಮಡಲೇ ಹೀರಿಕೊಳ್ಳುತ್ತದೆ. ಆದರೆ ಹಂಡೆಯ ಒಲೆ ಹೊಟ್ಟೆಬಾಕ. ಕಟ್ಟಿಗೆಯ ಶಾಖದಲ್ಲಿ ಶೇ 15ರಷ್ಟೇ ನೀರಿಗೆ ಸೇರುತ್ತದೆ ಎಂದುಕೊಂಡರೆ ಅದೇ ನಾಲ್ವರ ನೀರಿಗೆ ದಿನಕ್ಕೆ ಸುಮಾರು 2.8 ಕಿಲೋ ಒಣ ಕಟ್ಟಿಗೆ ಬೇಕು. ಉಳಿದ ಶಾಖ ಆಕಾಶಕ್ಕೆ.

ಹಸಿ ಕಟ್ಟಿಗೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ಮೊದಲು ಆ ನೀರನ್ನು ಆವಿ ಮಾಡಲು ಬೆಂಕಿ ಖರ್ಚಾಗಬೇಕು, ಆಮೇಲೆ ಹಂಡೆ. ಅಷ್ಟು ಹೊತ್ತು ಬರೀ ಹೊಗೆ. ಡಿಸೆಂಬರಿನಲ್ಲೇ ಕಡಿದು ಸೀಳಿ, ಗಾಳಿಯಾಡುವಂತೆ ಅಡ್ಡಡ್ಡ ಜೋಡಿಸಿ, ಮೇ ತಿಂಗಳಲ್ಲಿ ಮಾಡಿನಡಿಗೆ ಸೇರಿಸಿದ ಸೌದೆ ಸುಮಾರು ಎರಡು ಪಟ್ಟು ಶಾಖ ಕೊಡುತ್ತದೆ. ಒಲೆಯನ್ನೂ ತಿದ್ದಬಹುದು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು ಕಟ್ಟಿದ ‘ಅಸ್ತ್ರ’ ಕೇಂದ್ರ ರೂಪಿಸಿದ ಅಸ್ತ್ರ ಒಲೆ ಕರ್ನಾಟಕದ ಹಳ್ಳಿಗಳಿಗೆ ಹೊಸದಲ್ಲ. ಅದರ ತತ್ವ ಸರಳ: ಸೌದೆಯ ಅಡಿಯಿಂದ ಗಾಳಿ ಬರಲು ಕಬ್ಬಿಣದ ಜಾಲಿ, ಚಿಕ್ಕ ಬಾಯಿ, ಬೆಂಕಿ ಪಾತ್ರೆಯ ತಳವನ್ನು ಸವರಿಕೊಂಡು ಹೋಗುವಷ್ಟೇ ಇಕ್ಕಟ್ಟಾದ ಹಾದಿ, ಕೊನೆಗೆ ಹೊಗೆಕೊಳವೆ. ಊರಿನ ಮೇಸ್ತ್ರಿಗೆ ಹೇಳಿ ಹಂಡೆಯ ಒಲೆಗೂ ಇದನ್ನು ಮಾಡಿಸಿಕೊಳ್ಳಬಹುದು. ಸೌದೆ ಅರ್ಧಕ್ಕಿಳಿದರೂ ದೊಡ್ಡ ಲಾಭ.

ಅಕ್ಟೋಬರಿನಿಂದ ಮೇವರೆಗೆ ಬಿಸಿಲಿಗೆ ಬರವಿಲ್ಲದ ಸೀಮೆ ಇದು, ಸೋಲಾರ್ ಹೀಟರ್ ಇದ್ದರೆ ಅಷ್ಟು ಕಾಲ ಒಲೆಗೆ ರಜೆ. ಮಳೆಗಾಲಕ್ಕೆ ಹಂಡೆ ಇದ್ದೇ ಇದೆ. ಇನ್ನೊಂದು ಲೆಕ್ಕ: ಸೆಕೆಗೆ ನಮ್ಮಲ್ಲಿ ಫ್ಯಾನು ನಿಲ್ಲುವುದೇ ಇಲ್ಲ. ಹಳೆಯ 75 ವ್ಯಾಟಿನ ಮೂರು ಫ್ಯಾನುಗಳ ಬದಲು 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನು ಹಾಕಿ ದಿನಕ್ಕೆ 12 ಗಂಟೆ ತಿರುಗಿಸಿದರೆ 1.6 ಯೂನಿಟ್ ಉಳಿಯುತ್ತದೆ. ಹತ್ತಿರ ಹತ್ತಿರ ನಾಲ್ವರ ಸ್ನಾನದಷ್ಟು.

ಮಿಂದ ನೀರು ಬಸಳೆಗೆ ಹೋಗುವುದು ಈಗ ಕಡಿಮೆ. ಪೈಪು ಹಾಕಿ ಇಂಗುಗುಂಡಿಗೆ ಬಿಡುತ್ತೇವೆ. ಮೈಸೋಪಿನ ನೀರನ್ನು ಬಾಳೆ, ತೆಂಗುಗಳ ಬುಡದ ಮಣ್ಣು ತಾಳಿಕೊಳ್ಳುತ್ತದೆ, ಅಲ್ಲಿನ ಸೂಕ್ಷ್ಮಜೀವಿಗಳು ಸೋಪನ್ನು ಕರಗಿಸುತ್ತವೆ. ಬಟ್ಟೆ ಒಗೆಯುವ ಪುಡಿಯಲ್ಲಿ ಸೋಡಿಯಂ ಹೆಚ್ಚು, ಒಂದೇ ಗಿಡಕ್ಕೆ ನಿತ್ಯ ಬಿಟ್ಟರೆ ಮಣ್ಣು ಅಂಟಾಗಿ ನೀರು ಇಂಗುವುದು ಕಡಿಮೆಯಾಗುತ್ತದೆ. ವಾರಕ್ಕೊಮ್ಮೆ ಪೈಪು ಬೇರೆ ಬುಡಕ್ಕೆ ತಿರುಗಿಸಿದರಾಯಿತು. ಒಳ್ಳೆಯ ಬಟ್ಟೆಗೆ ಅಂಟುವಾಳ ಈಗಲೂ ಉತ್ತಮ. ಆದರೆ ಅದರ ನೊರೆಯಲ್ಲಿರುವ ಸಪೋನಿನ್ ಮೀನಿಗೆ ವಿಷ, ಆ ನೀರು ತೋಡಿಗೆ ಹೋಗಬಾರದು. ಸಹಜವಾದದ್ದೆಲ್ಲ ಎಲ್ಲಕ್ಕೂ ಒಳ್ಳೆಯದು ಎಂಬ ಭಾವನೆ ನಮ್ಮಲ್ಲಿ ಬಲವಾಗಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಬಚ್ಚಲಿಗೆ ಬರುವ ನೀರಿನ ಮೂಲ ಬಾವಿ. 100 ಚದರ ಮೀಟರಿನ ಮಾಡಿನ ಮೇಲೆ ವರ್ಷಕ್ಕೆ 4 ಲಕ್ಷ ಲೀಟರ್ ಮಳೆ ಬೀಳುತ್ತದೆ. ತಲೆಗೆ ದಿನಕ್ಕೆ 135 ಲೀಟರ್ ಎಂದರೂ ನಾಲ್ವರಿಗೆ ವರ್ಷಕ್ಕೆ ಬೇಕಾದದ್ದು ಅದರ ಅರ್ಧ. ಹೀಗಿದ್ದೂ ಏಪ್ರಿಲಿನಲ್ಲಿ ಬಾವಿಯ ತಳ ಕಾಣುವುದೇಕೆ? ಮುರಕಲ್ಲು ತೂತುತೂತಾದ ಕಲ್ಲು. ನೀರನ್ನು ಬೇಗ ಒಳಗೆ ಬಿಟ್ಟುಕೊಳ್ಳುತ್ತದೆ, ಅಡಿಯಲ್ಲಿರುವ ಜೇಡಿಯ ಪದರದ ಮೇಲೆ ಅಷ್ಟೇ ಬೇಗ ಇಳಿಜಾರಿಗೆ ಹರಿಯಬಿಡುತ್ತದೆ. ಜುಲೈಯಲ್ಲಿ ಬಾವಿ ಹೇಗೂ ತುಂಬಿರುತ್ತದೆ. ಆಗ ಮಾಡಿನ ನೀರನ್ನು ಜಲ್ಲಿ, ಮರಳು, ಇದ್ದಿಲಿನಲ್ಲಿ ಸೋಸಿ ಬಾವಿಗೆ ಬಿಟ್ಟರೂ ಹೆಚ್ಚಿನ ಪಾಲು ನಿಲ್ಲುವುದಿಲ್ಲ. ಬೆಲೆಬಾಳುವುದು ಸೆಪ್ಟೆಂಬರ್ ಮುಗಿದ ಮೇಲಿನ ಮಳೆ, ಏಪ್ರಿಲ್-ಮೇಯ ಅಡ್ಡಮಳೆ. ಆ ನೀರಿಗೆ ಸೋಸುವ ಡ್ರಮ್ಮು ಸಿದ್ಧವಿರಬೇಕು. ಮೊದಲ ಮಳೆಯ ಕೊಳೆನೀರನ್ನು ಮಾತ್ರ ಹೊರಗೆ ಬಿಡಬೇಕು.

ಇಳಿಜಾರಿನಲ್ಲಿ ನೀರಿನ ಓಟ ತಗ್ಗಿಸುವುದು ಇದಕ್ಕಿಂತ ದೊಡ್ಡ ಕೆಲಸ. ಬಂಟ್ವಾಳ ತಾಲೂಕಿನ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರು ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದರು. ಮೊದಮೊದಲ ಸುರಂಗಗಳು ಬರಿದಾದರೂ ಬಿಡದೆ ನೀರು ಕಂಡರು, ಜೊತೆಗೆ ಗುಡ್ಡದ ತುಂಬ ಇಂಗುಗುಂಡಿ ತೋಡಿ ತೋಟ ಎಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅಷ್ಟು ಸಾಹಸ ಎಲ್ಲರಿಂದ ಆಗದು. ಆದರೆ ಮನೆಯ ಮೇಲ್ಬದಿಯ ಗುಡ್ಡದಲ್ಲಿ ಅಡ್ಡಕ್ಕೆ ನಾಲ್ಕು ಗುಂಡಿ ತೋಡಿ ತರಗೆಲೆ ತುಂಬುವುದು ಒಂದು ಭಾನುವಾರದ ಕೆಲಸ. ಮಳೆ ಬಿಟ್ಟ ಮೇಲೆ ತೋಡಿಗೆ ಕಟ್ಟ ಕಟ್ಟುವುದು ಮಾತ್ರ ಒಂದೇ ಮನೆಯಿಂದ ಆಗುವುದಿಲ್ಲ. ನವೆಂಬರಿನಲ್ಲಿ ನಾಲ್ಕಾರು ಮನೆಯವರು ಸೇರಿ ಅಡಿಕೆ ಮರದ ಸೀಳು, ಮಣ್ಣು, ಮರಳಿನ ಚೀಲ ಜೋಡಿಸಿ ಕಟ್ಟಿದರೆ ಮೇಲ್ಬದಿಯ ಬಾವಿಗಳಲ್ಲಿ ನೀರು ಮೇಲೇರುತ್ತದೆ. ಬಾವಿಯ ದಂಡೆಗೆ ಗುರುತು ಹಾಕಿ, ಹಗ್ಗ ಇಳಿಸಿ ತಿಂಗಳಿಗೊಮ್ಮೆ ಅಳೆದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುವ ಕೆಲಸವನ್ನು ಮನೆಯ ಮಕ್ಕಳಿಗೆ ಕೊಡಿ. ಕಟ್ಟ ಕಟ್ಟಿದ ವರ್ಷಕ್ಕೂ ಕಟ್ಟದ ವರ್ಷಕ್ಕೂ ಏಪ್ರಿಲಿನಲ್ಲಿ ಎಷ್ಟು ಕೋಲು ವ್ಯತ್ಯಾಸ ಎಂದು ಆ ಕ್ಯಾಲೆಂಡರ್ ತೋರಿಸಿದ ಮೇಲೆ ನೆರೆಮನೆಯವರನ್ನು ಒಪ್ಪಿಸುವುದು ಕಷ್ಟವಾಗುವುದಿಲ್ಲ.